ಹದಿನಾಲ್ಕು ಚಿತ್ರಗಳ ಡೈನೋಸಾರ್ ಸರಣಿ: ಬಿಡಿ ಡಿಸ್ಕುಗಳೋ, ಒಟ್ಟು ಪೆಟ್ಟಿಗೆಯೋ? ಮಳೆನಾಡಿನಲ್ಲಿ ಕಾಪಾಡುವುದು ಹೇಗೆ?

ಪ್ರಶ್ನೆ: ಮಂಜಿನಬೆಟ್ಟ (ಮಡಿಕೇರಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ‘ದಿ ಲ್ಯಾಂಡ್ ಬಿಫೋರ್ ಟೈಮ್’ ಎಂಬ ಡೈನೋಸಾರ್ ಮರಿಗಳ ಅನಿಮೇಷನ್ ಚಿತ್ರಸರಣಿಯನ್ನು ಪೂರ್ತಿಯಾಗಿ ಸಂಗ್ರಹಿಸಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇದೆ. ಈ ಸರಣಿಯಲ್ಲಿ ಚಿತ್ರಮಂದಿರಕ್ಕೆಂದು ತಯಾರಾದದ್ದು 1988ರ ಮೊದಲ ಚಿತ್ರ ಮಾತ್ರ. 1994ರಿಂದ 2007ರವರೆಗೆ ಬಂದ ಹನ್ನೆರಡು ಮುಂದುವರಿಕೆಗಳೂ, ದೀರ್ಘ ಬಿಡುವಿನ ನಂತರ 2016ರಲ್ಲಿ ಬಂದ ಹದಿನಾಲ್ಕನೆಯದೂ ಮನೆಯಲ್ಲಿ ನೋಡುವ ಕ್ಯಾಸೆಟ್ ಮತ್ತು ಡಿಸ್ಕುಗಳಿಗಾಗಿಯೇ ತಯಾರಾದಂಥವು. ಆದ್ದರಿಂದ ಬೇರೆ ಚಿತ್ರಗಳ ವಿಷಯದಲ್ಲಿ ಹೇಗೋ ಏನೋ, ಇಲ್ಲಿ ಮಾತ್ರ ಕ್ಯಾಸೆಟ್, ಡಿಸ್ಕುಗಳೇ ಮೂಲ ಪ್ರತಿಗಳೆಂದು ಭಾವಿಸಿ ಕೂಡಿಡುತ್ತಿದ್ದೇನೆ.

ಸದ್ಯ ನನ್ನಲ್ಲಿರುವವು ಇಷ್ಟು: ಅಮೆರಿಕದಲ್ಲಿದ್ದ ಸೋದರಮಾವ ತೊಂಬತ್ತರ ದಶಕದಲ್ಲಿ ತಂದುಕೊಟ್ಟ ಮೊದಲ ಮೂರು ಚಿತ್ರಗಳ ವಿಎಚ್‌ಎಸ್ ಕ್ಯಾಸೆಟ್‌ಗಳು, ಬ್ರಿಟನ್ನಿನಿಂದ ತರಿಸಿದ ಕೆಲವು ಹಳೆಯ ಡಿವಿಡಿಗಳು, ಮತ್ತು ಎರಡೆರಡು ಚಿತ್ರಗಳನ್ನು ಒಟ್ಟಿಗೆ ಹಾಕಿ ಮಾರಿದ ಅಮೆರಿಕದ ಒಂದೆರಡು ಜೋಡಿ ಡಿಸ್ಕುಗಳು. ಉಳಿದವನ್ನು ಬಿಡಿಬಿಡಿಯಾಗಿ ಹುಡುಕಿ ತೆಗೆದುಕೊಳ್ಳುವುದು ಮೇಲೋ, ಹದಿನಾಲ್ಕೂ ಇರುವ ಒಂದೇ ಪೆಟ್ಟಿಗೆಯನ್ನು ತರಿಸಿಕೊಳ್ಳುವುದು ಮೇಲೋ ಎಂಬುದು ನನ್ನ ಮೊದಲ ಪ್ರಶ್ನೆ. ಬ್ರಿಟನ್ನಿನ ಡಿಸ್ಕಿನಲ್ಲಿ ಮೊದಲ ಚಿತ್ರವು ಅಮೆರಿಕದ ಪ್ರತಿಗಿಂತ ಸುಮಾರು ಮೂರು ನಿಮಿಷ ಬೇಗ ಮುಗಿಯುತ್ತದೆ. ಏನನ್ನಾದರೂ ಕತ್ತರಿಸಿದ್ದಾರೆಯೇ ಎಂಬುದು ಎರಡನೆಯದು.

ಮೂರನೆಯದೇ ನಿಜವಾದ ಚಿಂತೆ. ನಮ್ಮದು ಭಾಗಮಂಡಲದ ಕಡೆಯ ಊರು. ಜುಲೈ–ಆಗಸ್ಟಿನ ಜಡಿಮಳೆಯ ಕಕ್ಕಡದ ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ, ಚರ್ಮದ ಚಪ್ಪಲಿಯೂ ಬೀರುವಿನಲ್ಲಿಟ್ಟ ಪುಸ್ತಕಗಳೂ ಬೂಷ್ಟು ಹಿಡಿಯುತ್ತವೆ. ಈಗ ಒಂದು ಕ್ಯಾಸೆಟ್ಟಿನ ಕಿಂಡಿಯೊಳಗೆ, ಸುತ್ತಿದ ಟೇಪಿನ ಅಂಚಿನ ಮೇಲೆ, ಹಿಟ್ಟು ಉದುರಿಸಿದ ಹಾಗೆ ಬಿಳಿಯ ಚುಕ್ಕೆಗಳು ಕಾಣಿಸಿಕೊಂಡಿವೆ. ಅದನ್ನು ವಿಸಿಆರ್‌ಗೆ ಹಾಕಿ ಒಮ್ಮೆ ಪೂರ್ತಿ ಓಡಿಸಿದರೆ ಸರಿಹೋಗುತ್ತದೆಂದು ಪರಿಚಯದವರೊಬ್ಬರು ಹೇಳಿದರು. ಧೈರ್ಯ ಬರಲಿಲ್ಲ. ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಗೋಣಿಕೊಪ್ಪದ ಸಂಗ್ರಾಹಕ

ಕ್ಯಾಸೆಟ್ಟಿನ ಬೂಷ್ಟಿನ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ. ಆದ್ದರಿಂದ ಮೊದಲ ಎರಡು ಪ್ರಶ್ನೆಗಳಿಗಷ್ಟೇ ಉತ್ತರಿಸುತ್ತೇನೆ.

ಏನನ್ನೂ ಕತ್ತರಿಸಿಲ್ಲ. ಚಲನಚಿತ್ರವು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಇದ್ದ ಪಾಲ್ ಪದ್ಧತಿಯ ಟಿ.ವಿ. ಸೆಕೆಂಡಿಗೆ 25 ಚೌಕಟ್ಟುಗಳದ್ದು. ಆ ವ್ಯತ್ಯಾಸವನ್ನು ಸರಿದೂಗಿಸಲು ಪಾಲ್ ಡಿಸ್ಕುಗಳಲ್ಲಿ ಚಿತ್ರವನ್ನೇ ಶೇಕಡಾ ನಾಲ್ಕರಷ್ಟು ವೇಗವಾಗಿ ಓಡಿಸುವುದು ರೂಢಿಯಾಗಿತ್ತು. 69 ನಿಮಿಷಗಳ ಮೊದಲ ಚಿತ್ರ ಈ ಲೆಕ್ಕದಲ್ಲಿ 66 ನಿಮಿಷಗಳ ಆಸುಪಾಸಿಗೆ ಇಳಿಯುತ್ತದೆ. ವೇಗದ ಜೊತೆಗೆ ಶ್ರುತಿಯೂ ತುಸು ಏರುವುದರಿಂದ, ಜೇಮ್ಸ್ ಹಾರ್ನರ್ ಅವರ ಸಂಗೀತವನ್ನು ಕಿವಿಯಲ್ಲಿ ಇಟ್ಟುಕೊಂಡವರಿಗೆ ಬ್ರಿಟನ್ನಿನ ಡಿಸ್ಕು ಎಲ್ಲೋ ಹದ ತಪ್ಪಿದಂತೆ ಕೇಳಿಸುತ್ತದೆ. ಅದೇ ಪಾಲ್ ಡಿಸ್ಕಿನ ಚಿತ್ರದಲ್ಲಿ ಅಡ್ಡಗೆರೆಗಳು ಹೆಚ್ಚು, 480ರ ಬದಲು 576. ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು. ನಾನು ಕಿವಿಯ ಪಕ್ಷ.

ಕತ್ತರಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ನಿರ್ದೇಶಕ ಡಾನ್ ಬ್ಲೂತ್ ಅವರು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ತಮ್ಮ ಸ್ಟುಡಿಯೋದಲ್ಲಿ ಮೊದಲ ಚಿತ್ರವನ್ನು ಸಿದ್ಧಪಡಿಸಿದಾಗ, ಮಕ್ಕಳು ಹೆದರಿಯಾರೆಂಬ ಕಾರಣಕ್ಕೆ ಸುಮಾರು ಹತ್ತು ನಿಮಿಷಗಳ ಭಾಗವನ್ನು ಬಿಡುಗಡೆಗೆ ಮೊದಲೇ ತೆಗೆದುಹಾಕಲಾಯಿತು. ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಜಾರ್ಜ್ ಲ್ಯೂಕಸ್ ಅದರ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದರು. ಆ ಭಾಗ ಯಾವ ಕ್ಯಾಸೆಟ್ಟಿನಲ್ಲೂ, ಯಾವ ಡಿಸ್ಕಿನಲ್ಲೂ ಹೊರಬಂದಿಲ್ಲ. ‘ಕತ್ತರಿಸದ ಪ್ರತಿ’ ಎಂದು ಯಾರಾದರೂ ಹೆಚ್ಚಿನ ಬೆಲೆ ಹೇಳಿದರೆ ಅಲ್ಲಿಗೇ ಕೈಮುಗಿದು ಬಿಡಿ.

ಇನ್ನು ಬಿಡಿ ಡಿಸ್ಕೋ ಪೆಟ್ಟಿಗೆಯೋ ಎಂಬುದಕ್ಕೆ ನನ್ನ ಅಭಿಪ್ರಾಯ ಮಧ್ಯದ ದಾರಿಯದು. ಮೊದಲ ಚಿತ್ರ ಚಿತ್ರಮಂದಿರದ ತೆರೆಗೆಂದು ಕೈಯಿಂದ ಬರೆದು, ಫಿಲ್ಮಿಗೆ ಇಳಿಸಿದ ಕೆಲಸ. ಅದರ ಗಾಢ ಕಂದು, ಹೊಗೆಗಪ್ಪು ಬಣ್ಣಗಳ ಹಿನ್ನೆಲೆಗಳು ವಿಎಚ್‌ಎಸ್‌ನಲ್ಲಿ ಕೆಸರಿನಂತೆ ಕಲಸಿಹೋಗುತ್ತವೆ. ಅದನ್ನು ಅಮೆರಿಕದಲ್ಲಿ 2015ರಲ್ಲಿ ಬಂದ ಬ್ಲೂ-ರೇಯಲ್ಲಿಯೇ ತೆಗೆದುಕೊಳ್ಳಿ. ಉಳಿದ ಹದಿಮೂರೂ ಮನೆಯ ಟಿ.ವಿ.ಗಾಗಿ, ಕಡಿಮೆ ಖರ್ಚಿನಲ್ಲಿ ತಯಾರಾದಂಥವು; ಅವುಗಳಿಗೆ ಡಿವಿಡಿ ಧಾರಾಳವಾಗಿ ಸಾಕು. ಅದಕ್ಕೆ ಒಟ್ಟು ಪೆಟ್ಟಿಗೆ ಅಗ್ಗವೂ ಹೌದು, ಸಲೀಸೂ ಹೌದು. ಬಿಡಿಬಿಡಿಯಾಗಿ ಹುಡುಕಬೇಕೆಂದರೆ ರಾಯ್ ಅಲೆನ್ ಸ್ಮಿತ್ ನಿರ್ದೇಶಿಸಿದ ಎರಡರಿಂದ ನಾಲ್ಕನೆಯವರೆಗಿನ ಚಿತ್ರಗಳಿಗೆ ಆ ಶ್ರಮ ಸಲ್ಲುತ್ತದೆ. ಐದರಿಂದ ಹನ್ನೆರಡರವರೆಗೆ ಚಾರ್ಲ್ಸ್ ಗ್ರೋವ್‌ನರ್ ಅವರದು ಒಂದೇ ಕೈ, ಒಂದೇ ಹದ; ಹಾಡುಗಳು ಚೆನ್ನಾಗಿದ್ದರೂ ನನಗೆ ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ನೆನಪಿಡುವುದು ಕಷ್ಟವಾಗುತ್ತದೆ. ಒಪ್ಪದವರು ಇಲ್ಲೇ ಬೈಯಬಹುದು.

ಕೊಳ್ಳುವಾಗ ನೋಡಬೇಕಾದದ್ದು ವಲಯದ ಅಂಕಿ, ಅಂದರೆ ಆ ಡಿಸ್ಕು ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆಂಬ ಗುರುತು. ಡಿವಿಡಿಯಲ್ಲಿ ಅಮೆರಿಕ 1, ಬ್ರಿಟನ್ 2, ಭಾರತ 5. ಬ್ಲೂ-ರೇಯಲ್ಲಿ ಅಮೆರಿಕ ‘ಎ’, ಬ್ರಿಟನ್ ‘ಬಿ’, ಭಾರತ ‘ಸಿ’. ನಮ್ಮಲ್ಲಿ ಮಾರಾಟವಾದ ಬಹುಪಾಲು ಪ್ಲೇಯರ್‌ಗಳು ಪಾಲ್, ಅಮೆರಿಕದ ಟಿ.ವಿ. ಪದ್ಧತಿಯಾದ ಎನ್‌ಟಿಎಸ್‌ಸಿ ಎರಡನ್ನೂ ತೋರಿಸುತ್ತವೆ, ತಡೆಯುವುದು ಈ ವಲಯದ ಬೀಗ. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಒಂದನ್ನು ಮೊದಲು ಹೊಂದಿಸಿಕೊಂಡು ಆಮೇಲೆ ಪೆಟ್ಟಿಗೆಗೆ ಹಣ ಹಾಕಿ. ಪರದೇಶದ ಪಾರ್ಸೆಲ್ಲಿನ ಮೇಲೆ ಬೀಳುವ ಸುಂಕವನ್ನೂ ಬೆಲೆಗೆ ಸೇರಿಸಿಕೊಂಡೇ ಲೆಕ್ಕ ಹಾಕಬೇಕು. 2007–08ರಲ್ಲಿ ಬಂದ 26 ಕಂತುಗಳ ಟಿ.ವಿ. ಸರಣಿಯ ಡಿಸ್ಕುಗಳೂ ಇದೇ ಹೆಸರಿನಲ್ಲಿ ಸಿಗುತ್ತವೆ. ಅವನ್ನು ಚಿತ್ರಗಳೆಂದು ತಿಳಿದು ಕೊಳ್ಳದಿರಿ. ಹೊದಿಕೆಯ ಮೇಲಿನ ಕ್ರಮಸಂಖ್ಯೆಗಿಂತ ಉಪಶೀರ್ಷಿಕೆಯನ್ನು ಓದಿ ಗುರುತಿಸುವುದು ಕ್ಷೇಮ.

ಉತ್ತರ: ಹಾರಂಗಿ ತೀರ (ಕುಶಾಲನಗರ)

ನಾನು ಹಳೆಯ ವಿಸಿಆರ್‌ಗಳನ್ನು ರಿಪೇರಿ ಮಾಡುವವನು. ದಯವಿಟ್ಟು ಆ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಬೇಡಿ. ಬೂಷ್ಟು ಹಿಡಿದ ಟೇಪು ಒಮ್ಮೆ ಓಡಿದರೆ ಅದರ ಪುಡಿ ಟೇಪನ್ನು ಓದುವ, ತಿರುಗುವ ಹೆಡ್ಡಿನ ಮೇಲೂ ದಾರಿಯುದ್ದದ ರೋಲರುಗಳ ಮೇಲೂ ಕೂರುತ್ತದೆ. ಆಮೇಲೆ ನೀವು ಹಾಕುವ ಪ್ರತಿಯೊಂದು ಒಳ್ಳೆಯ ಕ್ಯಾಸೆಟ್ಟಿಗೂ ಅಲ್ಲಿಂದಲೇ ಹರಡುತ್ತದೆ. ಅಂಟಿಕೊಂಡ ಸುತ್ತುಗಳು ಬಿಡದೆ ಟೇಪು ಹರಿಯುವ ಅಪಾಯವೂ ಇದೆ.

ಮೊದಲು ಅದನ್ನು ಬೇರೆಯವುಗಳಿಂದ ದೂರ ಮಾಡಿ. ರಬ್ಬರಿನ ಅಂಚಿರುವ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಕೆಲವು ವಾರ ಬಿಡಿ. ತೇವ ಆರಿದ ಬೂಷ್ಟು ಪುಡಿಪುಡಿಯಾಗುತ್ತದೆ; ಹಸಿಯಾಗಿರುವಾಗ ಒರೆಸಿದರೆ ಟೇಪಿಗೆ ಬಳಿದುಕೊಳ್ಳುತ್ತದೆ. ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಐದು ಸ್ಕ್ರೂಗಳನ್ನು ಬಿಚ್ಚಿ, ಸುರುಳಿಯ ಅಂಚನ್ನು ಮೃದುವಾದ ಕುಂಚದಿಂದ ಒಂದೇ ದಿಕ್ಕಿನಲ್ಲಿ ಸವರಬೇಕು. ಆಮೇಲೂ ಅದನ್ನು ಓಡಿಸುವುದಾದರೆ ಒಳ್ಳೆಯ ಯಂತ್ರದಲ್ಲಿ ಬೇಡ, ಹೋದರೂ ಚಿಂತೆಯಿಲ್ಲ ಎನ್ನುವಂಥ ಹಳೆಯ ಯಂತ್ರದಲ್ಲಿ ಓಡಿಸಿ, ಕೂಡಲೇ ಹೆಡ್ಡನ್ನು ಐಸೊಪ್ರೊಪಿಲ್ ಆಲ್ಕೊಹಾಲ್ ತಾಗಿಸಿದ ಮೆತ್ತನೆಯ ಚರ್ಮದ ತುಂಡಿನಿಂದ ಒರೆಸಿ. ಹತ್ತಿ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ನಿಮ್ಮವು ಅಮೆರಿಕದ ಕ್ಯಾಸೆಟ್‌ಗಳಾದ್ದರಿಂದ ಎನ್‌ಟಿಎಸ್‌ಸಿ ಓದಬಲ್ಲ ವಿಸಿಆರ್ ಬೇಕು ಎಂಬುದನ್ನೂ ನೆನಪಿಡಿ. ಓಡಿಸುವ ಆ ಒಂದು ಸಲವೇ ಕಂಪ್ಯೂಟರಿಗೆ ನಕಲು ಇಳಿಸಿಕೊಳ್ಳುವುದು ಜಾಣತನ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲೇ ಅದನ್ನು ನಿಲ್ಲಿಸಿದೆ, ಬಿಡಿಭಾಗಕ್ಕೆ ಇನ್ನೊಂದು ಯಂತ್ರವನ್ನೇ ಬಿಚ್ಚಬೇಕಾದ ಕಾಲ ಇದು.

ಈಗ ಕಾಪಾಡುವ ವಿಷಯ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 60ರ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ನಿಮ್ಮ ಕಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ಅದು 90ರ ಮೇಲೆಯೇ ಇರುತ್ತದೆ. ನಮ್ಮ ಹಿರಿಯರು ಬೀರುವಿನೊಳಗೆ 15 ವ್ಯಾಟಿನ ಬಲ್ಬ್ ಉರಿಸಿ ರೇಷ್ಮೆ ಸೀರೆ, ಕ್ಯಾಮೆರಾಗಳನ್ನು ಉಳಿಸಿಕೊಳ್ಳುತ್ತಿದ್ದರು. ಉಪಾಯ ತಪ್ಪಲ್ಲ, ಒಳಗಿನ ಗಾಳಿ ಎರಡು ಮೂರು ಡಿಗ್ರಿ ಬೆಚ್ಚಗಾದರೂ ಆರ್ದ್ರತೆ ಇಳಿಯುತ್ತದೆ. ಆದರೆ ಈಗಿನ ಎಲ್‌ಇಡಿ ಬಲ್ಬಿಗೆ ಬೆಳಕಿದೆ, ಹೇಳಿಕೊಳ್ಳುವಂಥ ಕಾವಿಲ್ಲ. ಮೇಲಾಗಿ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದು ನಮ್ಮ ಜಿಲ್ಲೆಯಲ್ಲಿ ಹೊಸದೇನಲ್ಲ, ಅತ್ಯಂತ ಬೇಕಾದ ದಿನವೇ ಬಲ್ಬು ಆರಿರುತ್ತದೆ. ಕರೆಂಟಿನ ಹಂಗಿಲ್ಲದ್ದೆಂದರೆ ಗಾಳಿಯಾಡದ ಡಬ್ಬಿಯೊಂದೇ.

ಡಬ್ಬಿ ಮುಚ್ಚುವ ಕಾಲ ಮುಖ್ಯ. ಜುಲೈಯಲ್ಲಿ ಗಾಬರಿಯಾಗಿ ಮುಚ್ಚಿದರೆ ತೇವವನ್ನೂ ಒಳಗೇ ಮುಚ್ಚಿದಂತಾಗುತ್ತದೆ. ಒಣಗದ ಕಾಫಿಯನ್ನು ಚೀಲಕ್ಕೆ ತುಂಬಿದರೆ ಏನಾಗುತ್ತದೆಂದು ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ಲು ಮುಗಿದು ಹೂಮಳೆ ಬೀಳುವ ಮುಂಚೆ, ಫೆಬ್ರವರಿಯ ಒಣಹವೆಯಲ್ಲಿ ಎಲ್ಲವನ್ನೂ ಹೊರಗೆ ತೆಗೆದು, ನೆರಳಿನಲ್ಲಿ ಗಾಳಿಗೆ ಬಿಟ್ಟು, ನೋಡಿ, ಆಮೇಲೆ ಮುಚ್ಚಿ. ಒಳಗೊಂದು ಚಿಕ್ಕ ಆರ್ದ್ರತಾಮಾಪಕ ಇರಲಿ, ಮುಳ್ಳು 40ರಿಂದ 50ರ ನಡುವೆ ನಿಂತರೆ ಸಾಕು. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತೇವ ಕುಡಿದಂತೆ ಹಸಿರಾಗುತ್ತದೆ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಕ್ಯಾಸೆಟ್‌ಗಳನ್ನು ಪೂರ್ತಿ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ.

ಡಿಸ್ಕುಗಳು ಇದಕ್ಕಿಂತ ಗಟ್ಟಿ, ಆದರೆ ಅಮರವಲ್ಲ. 2001ರಲ್ಲಿ ಮ್ಯಾಡ್ರಿಡ್‌ನ ವಿಜ್ಞಾನಿಗಳು ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಒಂದು ಸಿ.ಡಿ.ಯನ್ನು ಪರೀಕ್ಷಿಸಿ, ಜಿಯೋಟ್ರೈಕಮ್ ಕುಲದ ಶಿಲೀಂಧ್ರ ಅದರ ಅಂಚಿನಿಂದ ಒಳಹೊಕ್ಕು ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪದರವನ್ನೂ ತಿಂದಿರುವುದನ್ನು ವರದಿ ಮಾಡಿದ್ದರು. ಬೆಲೀಜ್‌ನದೂ ನಮ್ಮಂತೆಯೇ ಸೆಕೆ, ತೇವಗಳ ನಾಡು. ಇಂಥದ್ದು ಅಪರೂಪ, ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಮೇಲ್ಮೈಯ ಮಬ್ಬು ಮಾತ್ರ. ಅದನ್ನು ಸೌಮ್ಯ ಸೋಪಿನ ನೀರಿನಿಂದ ತೊಳೆದು, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ವೃತ್ತಾಕಾರದಲ್ಲಿ ಒರೆಸಿ ಗೀರು ಬಿದ್ದರೆ ಅದು ಮಾಹಿತಿಯ ಸಾಲಿನುದ್ದಕ್ಕೂ ಹೋಗುವುದರಿಂದ ಪ್ಲೇಯರಿಗೆ ಸರಿಪಡಿಸಿಕೊಳ್ಳಲಾಗುವುದಿಲ್ಲ.

ಉತ್ತರ: ಹಳೆ ಹೊದಿಕೆ (ಸೋಮವಾರಪೇಟೆ)

ಗೋಣಿಕೊಪ್ಪದವರ ಸಲಹೆಯನ್ನು ಪೂರ್ತಿಯಾಗಿ ಒಪ್ಪಲಾರೆ. ನೋಡುವವರಿಗೆ ಪೆಟ್ಟಿಗೆ ಸಾಕು, ಆದರೆ ಪ್ರಶ್ನೆ ಕೇಳಿದವರು ಮೂಲ ಪ್ರತಿಗಳೆಂಬ ಮಾತನ್ನು ಬಳಸಿದ್ದಾರೆ. ಈ ಚಿತ್ರಗಳ ಅಮೆರಿಕದ ಕ್ಯಾಸೆಟ್‌ಗಳು ಬರುತ್ತಿದ್ದುದು ಪುಸ್ತಕದಂತೆ ತೆರೆಯುವ ದಪ್ಪ ಪ್ಲಾಸ್ಟಿಕ್ ಕವಚದಲ್ಲಿ, ಪಾರದರ್ಶಕ ಹಾಳೆಯ ಕೆಳಗೆ ಸೇರಿಸಿದ ಚಿತ್ರದ ಹೊದಿಕೆಯೊಂದಿಗೆ. ಒಟ್ಟು ಪೆಟ್ಟಿಗೆಗಳಲ್ಲಿ ಆ ಚಿತ್ರಗಳೆಲ್ಲ ಅಂಚೆಚೀಟಿಯಷ್ಟಾಗಿಬಿಡುತ್ತವೆ. ನಾಲ್ಕನೆಯ ಚಿತ್ರದವರೆಗಾದರೂ ಕ್ಯಾಸೆಟ್ಟನ್ನು ಕವಚ ಸಮೇತ ಕೂಡಿಸುವುದು ಸಾರ್ಥಕ.

ನಮ್ಮ ಹವೆಯಲ್ಲಿ ಮೊದಲು ಹಾಳಾಗುವುದು ಟೇಪೂ ಅಲ್ಲ, ಡಿಸ್ಕೂ ಅಲ್ಲ, ಕಾಗದ. ಹೊದಿಕೆಯ ಕಾಗದ ತೇವ ಹೀರಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡರೆ ಬಿಡಿಸುವಾಗ ಬಣ್ಣವೇ ಎದ್ದುಬರುತ್ತದೆ. ಅಂಟಿದ್ದನ್ನು ಮಳೆಗಾಲದಲ್ಲಿ ಎಳೆಯಬೇಡಿ. ಸಿಲಿಕಾ ಜೆಲ್‌ನೊಂದಿಗೆ ಒಣಗಲು ಬಿಟ್ಟರೆ ಎಷ್ಟೋ ಸಲ ತಾನಾಗಿ ಬಿಡುತ್ತದೆ. ಬೇಸಿಗೆಯಲ್ಲಿ ಹೊದಿಕೆಗಳನ್ನು ಹೊರತೆಗೆದು ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ. ಮೆತ್ತನೆಯ ಪಿವಿಸಿ ಚೀಲಗಳಲ್ಲಿ ಕಾಗದವನ್ನೂ ಡಿಸ್ಕನ್ನೂ ಇಡದಿರುವುದು ಒಳ್ಳೆಯದು.

ಮಂಜಿನಬೆಟ್ಟ

ಎಲ್ಲರಿಗೂ ಕೃತಜ್ಞತೆಗಳು. ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿದ್ದಾಗಿದೆ. ಮೊದಲ ನಾಲ್ಕಕ್ಕೆ ಕ್ಯಾಸೆಟ್, ಉಳಿದವಕ್ಕೆ ಪೆಟ್ಟಿಗೆ ಎಂದು ನಿಶ್ಚಯಿಸಿದ್ದೇನೆ, ಬ್ಲೂ-ರೇ ಮುಂದಿನ ವರ್ಷ ಕಾಳುಮೆಣಸಿನ ಬೆಲೆ ನೋಡಿಕೊಂಡು. ಇನ್ನೊಂದು ಸಂದೇಹ ಉಳಿದಿದೆ: ಎಲ್ಲ ವಲಯಗಳ ಪ್ಲೇಯರ್ ಸಿಗುವವರೆಗೆ ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ವಲಯ ಬದಲಾಯಿಸಿಕೊಂಡು ನೋಡಬಹುದೇ?

ಗೋಣಿಕೊಪ್ಪದ ಸಂಗ್ರಾಹಕ

ನೋಡಬಹುದು, ಆದರೆ ಎಣಿಸಿಕೊಂಡು. ಸಾಮಾನ್ಯವಾಗಿ ಡ್ರೈವಿನಲ್ಲಿ ವಲಯವನ್ನು ಐದು ಸಲ ಮಾತ್ರ ಬದಲಾಯಿಸಬಹುದು. ಐದನೆಯದರಲ್ಲಿ ಯಾವ ವಲಯವಿತ್ತೋ ಅದೇ ಶಾಶ್ವತವಾಗುತ್ತದೆ, ವಿಂಡೋಸ್ ಮತ್ತೆ ಹಾಕಿದರೂ ಬದಲಾಗದು, ಏಕೆಂದರೆ ಆ ಲೆಕ್ಕ ಡ್ರೈವಿನೊಳಗೇ ಇರುತ್ತದೆ. ಬ್ರಿಟನ್ನಿನ ಡಿಸ್ಕು ಒಂದು, ಅಮೆರಿಕದ್ದು ಒಂದು ಎಂದು ಅದಲುಬದಲು ಮಾಡುತ್ತ ಹೋದರೆ ಒಂದೇ ಭಾನುವಾರದಲ್ಲಿ ಮುಗಿದುಹೋಗುತ್ತದೆ. ಪೆಟ್ಟಿಗೆ ಅಮೆರಿಕದ್ದೇ ಆಗುವುದಾದರೆ ಡ್ರೈವನ್ನು 1ಕ್ಕೆ ಇಟ್ಟು ಹಾಗೆಯೇ ಬಿಡಿ, ಬ್ರಿಟನ್ನಿನ ಡಿಸ್ಕುಗಳು ಪ್ಲೇಯರ್ ಬರುವವರೆಗೆ ಕಾಯಲಿ.