ಪದಚರ್ಚೆ: ಐಎಸ್‌ಒ ‘ಪರಿಶೀಲಿಸಿ’ ಎಂದರೆ ಏನು ಮಾಡಬೇಕು?

ಪ್ರಶ್ನೆ: ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಬೆಂಬಲ ಮುಗಿದ ಆವೃತ್ತಿಯ ಐಎಸ್‌ಒ (ಅನುಸ್ಥಾಪನೆಯ ಡಿಸ್ಕಿನ ಪ್ರತಿಯಾದ ಕಡತ) ಇಳಿಸಿಕೊಳ್ಳುವ ಕೈಪಿಡಿಯಲ್ಲಿ ಚೆಕ್‌ಸಮ್ (ಕಡತದಿಂದ ಲೆಕ್ಕ ಹಾಕಿದ ಗುರುತು) ನೋಡುವುದಕ್ಕೂ ಜಿಪಿಜಿ ಸಹಿ (ಕಡತ ಕೊಟ್ಟವರು ಯಾರೆಂದು ತೋರಿಸುವ ಡಿಜಿಟಲ್ ಸಹಿ) ನೋಡುವುದಕ್ಕೂ ‘ಪರಿಶೀಲಿಸಿ’ ಎಂದೇ ಇದೆ. ಒಂದೇ ಪದ ಸಾಕೇ? ಸಹಿ ನೋಡಿದಾಗ ಪರದೆಯಲ್ಲಿ ಬರುವ ‘ಗುಡ್ ಸಿಗ್ನೇಚರ್’ ಎಂಬುದಕ್ಕೆ ‘ಒಳ್ಳೆಯ ಸಹಿ’ ಎನ್ನಬಹುದೇ?

ಉತ್ತರ: ಒಂದೇ ಪದ ಸಾಲದು. ಒಂದು ಕೆಲಸ ಮುಗಿಸಿದವರು ಎರಡೂ ಆಯಿತೆಂದುಕೊಳ್ಳುತ್ತಾರೆ.

ಚೆಕ್‌ಸಮ್‌ಗೆ ‘ತಾಳೆ ನೋಡಿ’ ಎನ್ನಿ. ಲೆಕ್ಕದ ಪುಸ್ತಕದಲ್ಲಿ ಮೊತ್ತ ತಾಳೆಯಾಗುವ ಹಾಗೆಯೇ ಇದೂ. ಚೆಕ್‌ಸಮ್ ಲೆಕ್ಕ ಹಾಕುವ ಎಸ್‌ಎಚ್‌ಎ256 ಎಂಬ ವಿಧಾನ ಕೊಡುವ 64 ಅಕ್ಷರಗಳು ಐಎಸ್‌ಒ ಜೊತೆ ತಾಣದಲ್ಲಿ ಸಿಗುವ ಚೆಕ್‌ಸಮ್ ಪಟ್ಟಿಯಲ್ಲಿರುವುದಕ್ಕೆ ತಾಳೆಯಾದರೆ ಕಡತ ಪೂರ್ತಿ ಬಂದಿದೆ, ದಾರಿಯಲ್ಲಿ ಕೆಟ್ಟಿಲ್ಲ ಎಂದಷ್ಟೇ ತಿಳಿಯುತ್ತದೆ. ಐಎಸ್‌ಒ ಬದಲಿಸಿದವರು ಪಕ್ಕದ ಪಟ್ಟಿಯನ್ನೂ ಬದಲಿಸಬಲ್ಲರು. 2016ರ ಫೆಬ್ರವರಿಯಲ್ಲಿ ಉಬುಂಟುವಿನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಕೊಂಡಿಯನ್ನೇ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲಿಟ್ಟ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಹಳೆಯ ಆವೃತ್ತಿಗಳ ಜೊತೆ ಎಂಡಿ5 ಎಂಬ ಇನ್ನೊಂದು ವಿಧಾನದ 32 ಅಕ್ಷರಗಳ ಚೆಕ್‌ಸಮ್ ಪಟ್ಟಿಯೂ ಸಿಗುತ್ತದೆ. ಒಂದೇ ಎಂಡಿ5 ಬರುವ ಎರಡು ಕಡತಗಳನ್ನು ಹೆಣೆಯಬಹುದೆಂದು 2004ರಲ್ಲೇ ತೋರಿಸಲಾಗಿದೆ, ಆದ್ದರಿಂದ ಎಸ್‌ಎಚ್‌ಎ256 ಇರುವಾಗ ಅದನ್ನೇ ಬಳಸಿ.

ಸಹಿಗೆ ‘ದೃಢೀಕರಿಸಿ’. ಉಬುಂಟುವಿನಲ್ಲಿ ಸಹಿ ಇರುವುದು ಐಎಸ್‌ಒ ಮೇಲಲ್ಲ, ಚೆಕ್‌ಸಮ್ ಪಟ್ಟಿಯ ಮೇಲೆ. ಹಾಗಾಗಿ ಹಳೆಯ ಆವೃತ್ತಿಗಳನ್ನಿಟ್ಟ ಓಲ್ಡ್-ರಿಲೀಸಸ್ ಭಂಡಾರದಿಂದ ಐಎಸ್‌ಒ, ಪಟ್ಟಿ, ಪಟ್ಟಿಯ ಜಿಪಿಜಿ ಕಡತ ಮೂರನ್ನೂ ಇಳಿಸಿಕೊಂಡು, ಮೊದಲು ಪಟ್ಟಿಯ ಸಹಿ ದೃಢೀಕರಿಸಿ, ನಂತರ ಐಎಸ್‌ಒ ತಾಳೆ ನೋಡಬೇಕು.

‘ಒಳ್ಳೆಯ ಸಹಿ’ ಬೇಡ, ‘ಸಹಿ ಸರಿಯಿದೆ’ ಎನ್ನಿ. ಅದರ ಕೆಳಗೆ ಕೀಲಿಗೆ (ಸಹಿ ದೃಢೀಕರಿಸಲು ಬಳಸುವ ಸಂಕೇತಕ್ಕೆ) ನಂಬಿಕೆಯ ಪ್ರಮಾಣವಿಲ್ಲ ಎಂಬ ಎಚ್ಚರಿಕೆ ಬಂದರೆ ಸಹಿ ಖೋಟಾ ಎಂದಲ್ಲ. ಆ ಕೀಲಿ ಯಾರದೆಂಬುದು ನಿಮ್ಮ ಗಣಕಕ್ಕೆ ಗೊತ್ತಿಲ್ಲ ಎಂದು. ಆಗ ಕೀಲಿಯ ಬೆರಳಚ್ಚಿನ, ಅಂದರೆ ಅದನ್ನು ಗುರುತಿಸುವ ಸಂಕೇತದ, 40 ಅಕ್ಷರಗಳನ್ನೂ ಬೇರೊಂದು ಮೂಲದಿಂದ ಪಡೆದು ಹೋಲಿಸಬೇಕು, ಕೊನೆಯ ಎಂಟು ಅಕ್ಷರಗಳಷ್ಟೇ ಸಾಲವು. ಉಬುಂಟುವಿಗೆ 2004ರದೊಂದು, 2012ರದೊಂದು ಕೀಲಿ ಇದೆ. ಹಳೆಯ ಆವೃತ್ತಿಗೆ ಮೊದಲನೆಯದು ಬೇಕಾದೀತು. ‘ಸಾರ್ವಜನಿಕ ಕೀಲಿ ಇಲ್ಲ’ ಎಂದರೆ ಕೀಲಿ ತರಿಸಿಕೊಂಡಿಲ್ಲ ಎಂದಷ್ಟೇ. ‘ಸಹಿ ತಪ್ಪಿದೆ’ ಎಂದು ಬಂದರೆ ಮಾತ್ರ ಮೂರೂ ಕಡತಗಳನ್ನು ಅಳಿಸಿ, ಹೊಸದಾಗಿ ಇಳಿಸಿಕೊಳ್ಳಿ.

ತಾಳೆ ನೋಡುವಾಗ ಕಾಣುವ ‘ಫೇಲ್ಡ್’ ಕೂಡ ಎರಡು ಬಗೆ. ಪಟ್ಟಿಯಲ್ಲಿದ್ದೂ ನೀವು ಇಳಿಸದ ಕಡತಗಳಿಗೆ ‘ತೆರೆಯಲಾಗಲಿಲ್ಲ’ ಎನ್ನಿ, ನಿಮ್ಮ ಐಎಸ್‌ಒ ಎದುರಿಗೇ ಬಂದರೆ ‘ತಾಳೆಯಾಗಲಿಲ್ಲ’ ಎನ್ನಿ. ಇಗ್ನೋರ್-ಮಿಸ್ಸಿಂಗ್ ಆಯ್ಕೆ ಕೊಟ್ಟರೆ ಮೊದಲ ಬಗೆಯ ಸಾಲುಗಳು ಬರುವುದೇ ಇಲ್ಲ.