ಗಂಜಿನ ಅಂಗಡಿ ಪಾಸ್‌ವರ್ಡ್ ಯಾರ ಹತ್ರ ಇರಬೇಕು?

ಶಹಾಪುರ ಮಾಮಾ ನಮ್ಮ ಮನೆತನದ ಗುಂಪಿಗೆ ಹಾಕಿದ ಸಂದೇಶ ಹೀಗಿತ್ತು: 'ತುರ್ತು ಎಚ್ಚರಿಕೆ! 1600 ಕೋಟಿ ಪಾಸ್‌ವರ್ಡ್ ಸೋರಿಕೆ. ಗೂಗಲ್, ಫೇಸ್‌ಬುಕ್, ಆಪಲ್ ಮೂರೂ ಹ್ಯಾಕ್. ನಿಮ್ಮ ಪಾಸ್‌ವರ್ಡ್ ಅದರಲ್ಲಿದೆಯೇ ಎಂದು ನೋಡಲು ಕೆಳಗಿನ ಲಿಂಕ್ ಒತ್ತಿ, ಪಾಸ್‌ವರ್ಡ್ ಬರೆಯಿರಿ. ಹತ್ತು ಗುಂಪಿಗೆ ಕಳಿಸಿ.' ಕೆಳಗೆ ಅವರದೇ ಒಂದು ಸಾಲು: 'ನಾ ಮೊದಲಿಂದ ಹೇಳಕೋತ ಬಂದೀನಿ, ಮೊಬೈಲ್‌ನ್ಯಾಗ ಬ್ಯಾಂಕ್ ಇಡಬ್ಯಾಡ್ರಿ ಅಂತ.'

ಬೆಂಗಳೂರಿನಲ್ಲಿರುವ ನನ್ನ ತಮ್ಮ ತಕ್ಷಣ ಕೇಳಿದ.

ತಮ್ಮ: ಮಾಮಾ, ಇದು ಎಲ್ಲಿಂದ ಬಂತು? ತಾರೀಖ ಇಲ್ಲ, ಪೇಪರ್ ಹೆಸರಿಲ್ಲ.

ಶಹಾಪುರ ಮಾಮಾ: ನಮ್ಮ ನಿವೃತ್ತ ನೌಕರರ ಗುಂಪಿನ್ಯಾಗ ಬಂದದ. ಅಲ್ಲಿರೋರೆಲ್ಲಾ ಓದಿದವ್ರೇ ಅದಾರ.

ತಮ್ಮ: ಓದಿದವ್ರು ಫಾರ್ವರ್ಡ್ ಮಾಡಿದ್ರ ಖರೇ ಆಗ್ತದೇನು?

ದೊಡ್ಡ ಕಾಕಾ: ಹಿರ್ಯಾರ ಜೋಡಿ ಹಿಂಗ ಮಾತಾಡಬಾರದಪಾ. ಹೋದ ವರ್ಷ ಬೆಲ್ಲ, ಸಕ್ಕರಿ ವಿಷಯಕ್ಕೂ ನೀ ಮಾಮಾಗ ಹಿಂಗೇ ಅಂದಿದ್ದಿ.

ಬೆಲ್ಲ, ಸಕ್ಕರೆ ವಿಷಯ ಮತ್ತೆ ಎದ್ದು ಕೂತಿತು. ಅದರಲ್ಲಿ ಯಾರು ಯಾರಿಗೆ ಏನಂದಿದ್ದರು ಎಂಬುದಕ್ಕೆ ಹಳೆಯ ಸ್ಕ್ರೀನ್‌ಶಾಟ್‌ಗಳೂ ಬಂದವು. 1600 ಕೋಟಿಯ ಸುದ್ದಿಯನ್ನು ಯಾರೂ ಪೂರ್ತಿ ಓದಿರಲಿಲ್ಲ, ಕೆಳಗಿದ್ದ ಲಿಂಕನ್ನಂತೂ ಯಾರೂ ಗಮನಿಸಲಿಲ್ಲ. ನನಗೆ ಕಳವಳವಾದದ್ದು ಆ ಲಿಂಕ್ ನೋಡಿ. ಗಂಜಿನಲ್ಲಿ, ಅಂದರೆ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ, ಇರುವ ನಮ್ಮ ಮನೆತನದ ಅಂಗಡಿಯ ಲೆಕ್ಕ ನೋಡುವವಳು ನಾನು. ಬ್ಯಾಂಕು, ಜಿಎಸ್‌ಟಿ, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್, ಅಂಗಡಿಯ ಇಮೇಲ್ ಎಲ್ಲದರ ಲಾಗಿನ್ ದಿನಾ ನನ್ನ ಕೈಯಲ್ಲೇ ಆಗುವುದು.

ಆ ಸುದ್ದಿಯಲ್ಲಿ ಖರೇ ಎಷ್ಟಿದೆ ಎಂದು ನಾನು ಬರೆದೆ. 2025ರ ಜೂನ್‌ನಲ್ಲಿ 1600 ಕೋಟಿ ಎಂಬ ಅಂಕಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದದ್ದು ನಿಜ. ಆದರೆ ಗೂಗಲ್‌ಗೋ ಆಪಲ್‌ಗೋ ಒಂದೇ ದಿನ ಕನ್ನ ಬಿದ್ದ ಕಥೆ ಅದಲ್ಲ. ಜನರ ಕಂಪ್ಯೂಟರಿಗೆ ಹೊಕ್ಕ ಕಳ್ಳ ತಂತ್ರಾಂಶಗಳು ಬೇರೆ ಬೇರೆ ಕಾಲಕ್ಕೆ ಕದ್ದ ಪಾಸ್‌ವರ್ಡ್‌ಗಳ ಮೂವತ್ತರಷ್ಟು ಕಡತಗಳನ್ನು ಒಟ್ಟು ಸೇರಿಸಿ ಎಣಿಸಿದ್ದರು. ಅದರಲ್ಲಿ ಹಳೆಯವು ಇದ್ದವು, ಒಂದೇ ಪಾಸ್‌ವರ್ಡ್ ಎರಡೆರಡು ಸಲ ಬಂದದ್ದೂ ಇತ್ತು. ಇಂಥ ತಂತ್ರಾಂಶ ಎಷ್ಟೋ ಸಲ ಬರುವುದು ಪುಕ್ಕಟೆ ಎಂದು ಇಳಿಸಿಕೊಂಡ ಕಳ್ಳ ಪ್ರತಿಗಳ ಜೊತೆಗೆ. ಬಂದ ಮೇಲೆ ಮೊದಲು ಕೈ ಹಾಕುವುದೇ ಬ್ರೌಸರ್ ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೆ. ನಮ್ಮ ಇಮೇಲ್ ಯಾವುದಾದರೂ ಸೋರಿಕೆಯಲ್ಲಿ ಸಿಕ್ಕಿದೆಯೇ ಎಂದು ನೋಡಲು 2013ರಿಂದ ನಡೆಯುತ್ತಿರುವ 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ಜಾಲತಾಣ ಇದೆ. ಅಲ್ಲಿ ಇಮೇಲ್ ವಿಳಾಸ ಕೊಟ್ಟರೆ ಸಾಕು. ವಾಟ್ಸಾಪ್‌ನಲ್ಲಿ ಬಂದ ಲಿಂಕಿನಲ್ಲಿ ಪಾಸ್‌ವರ್ಡ್ ಬರೆಯುವುದೆಂದರೆ ಕಳ್ಳನಿಗೇ ಕೊಟ್ಟಂತೆ.

ಇಷ್ಟು ಬರೆದದ್ದಕ್ಕೆ ಬಂದ ಮೊದಲ ಉತ್ತರ ಹುಮನಾಬಾದ್ ಅಕ್ಕನದು.

ಅಕ್ಕ: ಇದೆಲ್ಲಾ ಓದಿ ನಂಗ ಮುತ್ಯಾನ ತಿಜೋರಿ ನೆನಪಾತು ನೋಡ್ರಿ. ಕೀಲಿ ಉಡದಾರಕ್ಕ ಕಟ್ಟಿಕೊಂಡೇ ಸ್ನಾನ ಮಾಡ್ತಿದ್ದ. ಶರಣಬಸಪ್ಪನ ಜಾತ್ರಿ ದಿನ ಅದೇ ಕೀಲಿಲೇ ತೆಗದು ನಮಗೆಲ್ಲಾ ಎಂಟಾಣಿ ಕೊಡ್ತಿದ್ದ.

ಸಣ್ಣ ಕಾಕಾ: ನಿನಗ ಎಂಟಾಣಿ, ನಮಗ ನಾಕಾಣಿ. ನೀ ಲಾಡದ ಮಗಳು.

ಅಕ್ಕ: ತಿಜೋರಿ ಬಾಗಲಾ ತೆಗೆದ್ರ ಒಂದು ನಮೂನಿ ವಾಸನಿ ಬರ್ತಿತ್ತು. ಕರ್ಪೂರ, ಹಳೇ ಕಾಗದ, ತೊಗರಿ ಧೂಳು. ಯಾರ ಹತ್ರರೆ ಆ ತಿಜೋರಿ ಫೋಟೋ ಅದ ಏನು?

ತಿಜೋರಿಯ ಫೋಟೋ ಬಂತು, ಕಲಬುರಗಿಯ ಅಪ್ಪನ ಕೆರೆ ದಂಡೆಯಲ್ಲಿ ಎಲ್ಲರೂ ಸಣ್ಣವರಿದ್ದಾಗ ನಿಂತ ಫೋಟೋ ಬಂತು. ನಡುವೆ ಯಾರದೋ ಮಗುವಿಗೆ ಹುಟ್ಟುಹಬ್ಬದ ಶುಭಾಶಯ ಬಿದ್ದವು. ಇವುಗಳ ಮಧ್ಯೆ ಸೇಡಂ ಅತ್ತಿ ಒಂದು ಸಾಲು ಬರೆದಿದ್ದರು: 'ನಾ ಆ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕೀನಿ. ಈಗ ಏನ್ ಮಾಡ್ಲಿ?' ಫೋಟೋಗಳ ನಡುವೆ ಅದು ಮೇಲೆ ಹೋಗಿಬಿಟ್ಟಿತ್ತು, ಯಾರೂ ಉತ್ತರ ಕೊಟ್ಟಿರಲಿಲ್ಲ.

ನಾನು ಅತ್ತಿಗೆ ನೇರವಾಗಿ ಫೋನ್ ಹಚ್ಚಿದೆ. ಅವರು ಹಾಕಿದ್ದು ಜಿಮೇಲ್ ಪಾಸ್‌ವರ್ಡ್. ಮೊದಲು ಅದನ್ನು ಬದಲಾಯಿಸಿಸಿದೆ. ಆಮೇಲೆ ಜಿಮೇಲ್ ಖಾತೆಯ ಭದ್ರತೆ ಪುಟದಲ್ಲಿ 'ನಿಮ್ಮ ಸಾಧನಗಳು' ತೆಗೆಸಿದೆ. ಅವರದಲ್ಲದ ಫೋನು, ಕಂಪ್ಯೂಟರು ಯಾವುದೂ ಇರಲಿಲ್ಲ. ಪಾಸ್‌ವರ್ಡ್ ಹಾಕಿದ ಮೇಲೂ ಫೋನಿನಲ್ಲಿ ಒಪ್ಪಿಗೆ ಕೇಳುವ ಎರಡು ಹಂತದ ಪರಿಶೀಲನೆ ಹಾಕಿಸಿದೆ. ಅದೇ ಪಾಸ್‌ವರ್ಡ್ ಬ್ಯಾಂಕಿಗೂ ಇಟ್ಟಿದ್ದರು, ಅದನ್ನೂ ಬದಲಾಯಿಸಿದೆವು. ರೊಕ್ಕ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು, ಹೋಗಿರಲಿಲ್ಲ. 'ಎಲ್ಲಾರ ಮುಂದ ಬರದು ತಪ್ಪು ಮಾಡಿದ್ನೇನವ್ವಾ?' ಎಂದು ಅತ್ತಿ ಕೇಳಿದರು. ಇಲ್ಲವೇ ಇಲ್ಲ, ಹೇಳಿದ್ದರಿಂದಲೇ ಸರಿಪಡಿಸಲು ಆಯಿತು ಎಂದೆ.

ಗುಂಪಿಗೆ ಮರಳಿದರೆ ಮಾತು ಅಂಗಡಿಯ ಕಡೆ ತಿರುಗಿತ್ತು.

ತಮ್ಮ: ಅಂಗಡಿ ಕಂಪ್ಯೂಟರಿಗೆ ಒಂದು ಪಾಸ್‌ವರ್ಡ್ ಮ್ಯಾನೇಜರ್, ಎಲ್ಲಾ ಪಾಸ್‌ವರ್ಡ್ ಒಂದೇ ಕೀಲಿಯೊಳಗ ಇಡೋ ತಂತ್ರಾಂಶ, ಹಾಕ್ರಿ ಅಂತ ಯಾವತ್ತಿಂದ ಹೇಳ್ಲತ್ತೀನಿ.

ಆಳಂದ ಅಣ್ಣ: ಲಾಸ್ಟ್‌ಪಾಸ್ ಅನ್ನೋ ಮ್ಯಾನೇಜರೇ ಹ್ಯಾಕ್ ಆಗಿತ್ತಲ್ಲ? ಕೀಲಿ ಕಾಯೋರ ಮನಿಗೇ ಕಳ್ಳ ಹೊಕ್ಕಾಗ ನಮ್ಮ ಗತಿ ಏನು?

ದೊಡ್ಡ ಕಾಕಾ: ಸಾಫ್ಟ್‌ವೇರ್ ಗೀಫ್ಟ್‌ವೇರ್ ಬ್ಯಾಡ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿ ಮಾಡ್ರಿ, ಡೈರಿದಾಗ ಬರದಿಡ್ರಿ. ವಿಶ್ವಾಸ ಇದ್ದಲ್ಲಿ ಕೀಲಿ ಬೇಕಾಗಂಗಿಲ್ಲ.

ಸಣ್ಣ ಕಾಕಾ: ವಿಶ್ವಾಸದ ಮಾತು ತೆಗೀಬ್ಯಾಡಣ್ಣಾ. ಅಂಗಡಿ ಇಮೇಲಿಗೆ ಇನ್ನೂ ಯಾರ ನಂಬರ್ ಅದ ಅಂತ ಎಲ್ಲಾರಿಗೂ ಗೊತ್ತದ.

ಆಳಂದ ಅಣ್ಣ: ನಂದೇ ಅದ. ನಾನೇ ಮಾಡಿದ್ದು ಆ ಇಮೇಲ್. ಬ್ಯಾರೆ ಆಗುವಾಗ ಯಾರರೆ ಕೇಳಿದ್ರೇನು? ಕೇಳಿದ್ದು ಬರೇ ತೂಕದ ಕಾಟಾ, ತಿಜೋರಿ ಕೀಲಿ.

ಇಲ್ಲಿಂದ ಒಂದು ತಾಸು ಹಳೆಯ ಪಾಲಿನ ಮಾತೇ ನಡೆಯಿತು. ಅದನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಆದರೆ ಅಣ್ಣ ಕೇಳಿದ ಲಾಸ್ಟ್‌ಪಾಸ್ ಪ್ರಶ್ನೆ ಸರಿಯಾದದ್ದು. ಅದಕ್ಕೆ ಉತ್ತರ ಸಿಗಬೇಕಿತ್ತು, ಹಾಗಾಗಿ ನಾನು ಉದ್ದಕ್ಕೆ ಬರೆದೆ.

2022ರಲ್ಲಿ ಲಾಸ್ಟ್‌ಪಾಸ್‌ಗೆ ಕಳ್ಳರು ಹೊಕ್ಕಿದ್ದು ನಿಜ. ದಾರಿ ಸಿಕ್ಕಿದ್ದು ಆ ಕಂಪನಿಯ ಒಬ್ಬ ಎಂಜಿನಿಯರನ ಮನೆಯ ಕಂಪ್ಯೂಟರಿನಿಂದ. ಅದರಲ್ಲಿದ್ದ ಒಂದು ಹಳೆಯ ತಂತ್ರಾಂಶದ ಲೋಪ ಹಿಡಿದು, ಅವರು ಒತ್ತುವ ಅಕ್ಷರಗಳನ್ನೇ ದಾಖಲಿಸಿಕೊಂಡು, ಉಳಿದೆಲ್ಲವನ್ನೂ ತೆರೆಯುವ ಮುಖ್ಯ ಪಾಸ್‌ವರ್ಡ್ ಕದ್ದರು. ಗ್ರಾಹಕರ ಕಡತಗಳ ನಕಲು ಹೋಯಿತು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದವು, ಆದರೆ ಯಾವ ಯಾವ ಜಾಲತಾಣ ಎಂಬುದು ಬಿಚ್ಚುಬರಹದಲ್ಲೇ ಇತ್ತು. ಮುಖ್ಯ ಪಾಸ್‌ವರ್ಡ್ ಗಟ್ಟಿ ಇಟ್ಟವರ ಕಡತ ಒಡೆಯುವುದು ಕಷ್ಟ, ಹೆಸರು ಮತ್ತು 123 ಇಟ್ಟವರದು ಸುಲಭ. ನಮ್ಮ ಅಂಗಡಿಯ ಎಲ್ಲದಕ್ಕೂ ಇರುವುದು ಮುತ್ಯಾನ ಹೆಸರು ಮತ್ತು 123. ಗಂಜಿನ ಹಮಾಲರಿಗೂ ಅದು ಗೊತ್ತು.

ತಿಂಗಳಿಗೊಮ್ಮೆ ಬದಲಾಯಿಸಿದರೆ ಜನ 123 ಇದ್ದದ್ದನ್ನು 124 ಮಾಡುತ್ತಾರೆ, ಅಷ್ಟೇ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೀಗೆ ಅವಧಿ ಇಟ್ಟು ಬದಲಾಯಿಸಿಸುವುದು ಬೇಡ, ಸೋರಿದ ಸೂಚನೆ ಸಿಕ್ಕಾಗ ಬದಲಾಯಿಸಿ ಎಂದು ಹೇಳಿತು. ಕಾಕಾರ ಡೈರಿಯ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಮನೆಯಲ್ಲಿ, ಬೀರುವಿನೊಳಗೆ ಇರುವ ಡೈರಿಗೆ ಇಂಟರ್‌ನೆಟ್ ಕಳ್ಳ ಕೈ ಹಾಕಲಾರ. ಆದರೆ ಅಂಗಡಿಯ ಗಲ್ಲಾ ಮೇಲೆ ಬಿದ್ದಿರುವ ಡೈರಿ ಬೇರೆ. ಮೇಲಾಗಿ ಡೈರಿಗೆ ನಕಲಿ ಜಾಲತಾಣ ಗುರುತಿಸಲು ಬರುವುದಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ವಿಳಾಸ ನೋಡಿಯೇ ತುಂಬುತ್ತದೆ. ಬ್ಯಾಂಕಿನ ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅದು ತಾನಾಗಿ ಪಾಸ್‌ವರ್ಡ್ ಹಾಕುವುದಿಲ್ಲ.

ಕ್ರೋಮ್‌ನಲ್ಲೇ ಉಳಿಸಿದರೆ ಏನು ಎಂದು ಸಣ್ಣ ಕಾಕಾ ಕೇಳಿದರು. ಒಬ್ಬರೇ ಬಳಸುವ ಮನೆಯ ಕಂಪ್ಯೂಟರಿಗೆ, ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು. ನಮ್ಮ ಅಂಗಡಿಯಲ್ಲಿ ಮುನೀಮರು, ಲೆಕ್ಕದ ತಂತ್ರಾಂಶ ಟ್ಯಾಲಿ ನೋಡಲು ಬರುವ ಹುಡುಗ, ಊಟದ ಹೊತ್ತಿಗೆ ಸಿನಿಮಾ ನೋಡುವವರು ಎಲ್ಲರೂ ಒಂದೇ ವಿಂಡೋಸ್ ಖಾತೆಯಲ್ಲಿ ಕೂರುತ್ತಾರೆ. ಯಾರು ಕೂತರೂ ಬ್ಯಾಂಕಿನ ಪುಟ ತಾನೇ ತುಂಬಿಕೊಳ್ಳುತ್ತದೆ. ಅದು ಅಲ್ಲಿಗೆ ಒಗ್ಗುವುದಿಲ್ಲ.

ಉಳಿದದ್ದು ಎರಡು ಪಾಸ್‌ವರ್ಡ್ ಮ್ಯಾನೇಜರ್‌ಗಳು. ಕೀಪಾಸ್ 2003ರಿಂದ ಇದೆ, ಪೂರ್ತಿ ಪುಕ್ಕಟೆ, ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಯಾರಾದರೂ ನೋಡಬಹುದು. ಎಲ್ಲ ಪಾಸ್‌ವರ್ಡ್‌ಗಳೂ ನಮ್ಮ ಕಂಪ್ಯೂಟರಿನಲ್ಲಿರುವ ಒಂದೇ ಕಡತದೊಳಗೆ ಇರುತ್ತವೆ, ಯಾವ ಕಂಪನಿಯ ಹತ್ತಿರವೂ ಹೋಗುವುದಿಲ್ಲ. ಆದರೆ ಆ ಕಡತದ ನಕಲು ನಾವೇ ಇಡಬೇಕು. ಕರೆಂಟ್ ಹೋಗಿ ಬಂದು ಹಾರ್ಡ್ ಡಿಸ್ಕ್ ಸುಟ್ಟರೆ, ಪೆನ್‌ಡ್ರೈವ್‌ನಲ್ಲಿ ನಕಲು ಇಲ್ಲದಿದ್ದರೆ, ಎಲ್ಲ ಹೋದಂತೆ. ಬಿಟ್‌ವಾರ್ಡನ್ ಕೂಡ ಮೂಲ ಸಂಕೇತ ತೆರೆದಿಟ್ಟಿರುವಂಥದ್ದೇ. ಅದರ ಕಡತ ಅವರ ಸರ್ವರ್‌ನಲ್ಲಿ ಗೂಢಲಿಪಿಯಲ್ಲಿ ಇರುತ್ತದೆ, ಫೋನು, ಕಂಪ್ಯೂಟರು ಎರಡರಲ್ಲೂ ಸಿಗುತ್ತದೆ, ಇಬ್ಬರು ಹಂಚಿಕೊಳ್ಳುವಷ್ಟು ಪುಕ್ಕಟೆ ಇದೆ. ಅಂಗಡಿಗೆ ನಾನು ಬಿಟ್‌ವಾರ್ಡನ್ ಎನ್ನುತ್ತೇನೆ. ನಕಲು ತೆಗೆಯುವ ಶಿಸ್ತು ನಮ್ಮಲ್ಲಿ ಇಲ್ಲ, ಸಣ್ಣ ಕಾಕಾ ಅರ್ಧ ದಿನ ರಾಯಚೂರು, ಸೋಲಾಪುರದ ದಾರಿಯಲ್ಲೇ ಇರುತ್ತಾರೆ. ಮುನೀಮರಿಗೆ ಮುಖ್ಯ ಲಾಗಿನ್ ಕೊಡುವುದೇ ಬೇಡ. ಇ-ವೇ ಬಿಲ್ ಜಾಲತಾಣದಲ್ಲಿ ಅವರ ಹೆಸರಿಗೆ ಬೇರೆ ಉಪಬಳಕೆದಾರ ಖಾತೆ ಮಾಡಬಹುದು.

ಶಹಾಪುರ ಮಾಮಾ: ಇಷ್ಟು ಉದ್ದ ಯಾರು ಓದ್ತಾರ?

ತಮ್ಮ ಓದಿದ್ದ. ಓದಿ, ಅಂಗಡಿಯ ಪಾಸ್‌ವರ್ಡ್‌ಗಳನ್ನು ಬರೆದಿಟ್ಟ ಎಕ್ಸೆಲ್ ಹಾಳೆಯಲ್ಲಿ ಈಗ ಏನೇನಿದೆ ಎಂದು ತಿಳಿಯಲು ಗುಂಪಿನ ಹಳೆಯ ಸಂದೇಶಗಳಲ್ಲಿ 'ಪಾಸ್‌ವರ್ಡ್' ಎಂದು ಹುಡುಕಿದ. ಸಿಕ್ಕಿದ್ದನ್ನು ಎತ್ತಿ ತೋರಿಸಿದ.

ತಮ್ಮ: ಇದನ್ನ ನೋಡ್ರಿ. ಅಂಗಡಿ ಪಾಸ್‌ವರ್ಡ್ ಹಾಳಿ ಫೋಟೋ ಇದೇ ಗುಂಪಿನ್ಯಾಗ ಬಿದ್ದದ. ಬ್ಯಾಂಕಿಂದೂ ಅದ. ಸಣ್ಣ ಕಾಕಾ ಸೋಲಾಪುರಕ್ಕ ಹೋದಾಗ ಕೇಳಿದ್ದಕ್ಕ ಯಾರೋ ಹಾಕ್ಯಾರ.

ಆಳಂದ ಅಣ್ಣ: ಯಾರೋ ಅಲ್ಲ, ಮುನೀಮರಿಗೆ ಹಾಕಂತ ಹೇಳಿದ್ದು ದೊಡ್ಡ ಕಾಕಾ.

ದೊಡ್ಡ ಕಾಕಾ: ಮನಿ ಮಂದಿ ಗುಂಪಪಾ ಇದು. ಹೊರಗಿನವ್ರು ಯಾರದಾರ ಇಲ್ಲಿ?

ಹೊರಗಿನವರು ಯಾರೂ ಇಲ್ಲ. ಆದರೆ ಗುಂಪಿನಲ್ಲಿ ಬಿದ್ದ ಫೋಟೋ ತಾನಾಗಿ ಪ್ರತಿಯೊಬ್ಬರ ಗ್ಯಾಲರಿಗೆ ಹೋಗಿ ಕೂರುತ್ತದೆ. ಅಲ್ಲಿಂದ ಗೂಗಲ್ ಫೋಟೋಸ್‌ಗೆ, ರಿಪೇರಿಗೆ ಕೊಟ್ಟ ಫೋನಿಗೆ, ಮಾರಿದ ಹಳೆಯ ಫೋನಿಗೆ ಹೋಗುತ್ತದೆ. ಆ ಹಾಳೆ ಬಿದ್ದ ಮೇಲೆ ಈ ಮನೆತನದಲ್ಲಿ ಎಷ್ಟು ಜನ ಫೋನ್ ಬದಲಾಯಿಸಿದ್ದಾರೆ ಎಂದು ಲೆಕ್ಕ ಹಾಕಿ ನೋಡಿ ಎಂದು ನಾನು ಕೇಳಿದೆ. ಅಳಿಸಿಬಿಡೋಣ ಎಂದರು ಸಣ್ಣ ಕಾಕಾ. ಎರಡು ಮೂರು ದಿನ ದಾಟಿದ ಸಂದೇಶಕ್ಕೆ 'ಎಲ್ಲರಿಗೂ ಅಳಿಸಿ' ನಡೆಯುವುದಿಲ್ಲ, ಅಳಿಸಿದರೂ ಗ್ಯಾಲರಿಯಲ್ಲಿ ಉಳಿದದ್ದು ಉಳಿಯುತ್ತದೆ. ಇರುವುದು ಒಂದೇ ದಾರಿ: ಹಾಳೆಯಲ್ಲಿದ್ದ ಒಂದೊಂದೂ ಪಾಸ್‌ವರ್ಡ್ ಬದಲಾಗಬೇಕು. ಬ್ಯಾಂಕಿನದನ್ನು ಅದೇ ಸಂಜೆ ಸಣ್ಣ ಕಾಕಾರ ಜೊತೆ ಕೂತು ಬದಲಾಯಿಸಿದೆ.

ಆಮೇಲೆ ಎದ್ದ ಪ್ರಶ್ನೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಬಿಟ್‌ವಾರ್ಡನ್‌ನ ಮುಖ್ಯ ಪಾಸ್‌ವರ್ಡ್ ಮರೆತರೆ ಆ ಕಂಪನಿಯೂ ತೆಗೆದುಕೊಡಲಾರದು, ಅವರ ಹತ್ತಿರ ಅದು ಇರುವುದೇ ಇಲ್ಲ. ಬಳಸುವವರು ನಾನು ಮತ್ತು ಸಣ್ಣ ಕಾಕಾ. ನಮಗಿಬ್ಬರಿಗೂ ಏನಾದರೂ ಆದರೆ? ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳ ಪಾಸ್‌ವರ್ಡ್ ಮಾಡಿ, ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೂರನೆಯವರ ಮನೆಯಲ್ಲಿ ಇಡಬೇಕು. ದೊಡ್ಡ ಕಾಕಾ ತಮ್ಮ ಹತ್ತಿರ ಇರಲಿ ಎಂದರು. ಆಳಂದ ಅಣ್ಣನಿಗೆ ಅದು ಒಪ್ಪಿಗೆ ಇಲ್ಲ. ಅಣ್ಣನ ಹತ್ತಿರ ಎಂದರೆ ಸಣ್ಣ ಕಾಕಾ ಒಪ್ಪುವುದಿಲ್ಲ. ಸೇಡಂ ಅತ್ತಿ ಎಂದು ನಾನು ಹೇಳಿದೆ.

ಶಹಾಪುರ ಮಾಮಾ: ಲಿಂಕ್ ಒತ್ತಿದವ್ರ ಕೈಯಾಗೇನು? ಮತ್ತ ಆಕಿ ಕೊಟ್ಟ ಮನಿಗೆ ಹೋದಾಕಿ.

ಲಿಂಕ್ ಕಳಿಸಿದವರು ಈ ಮಾತು ಆಡಬಾರದು ಎಂದು ನೇರವಾಗಿಯೇ ಬರೆದೆ. ಆ ಲಿಂಕ್ ಮತ್ತೆ ಯಾರು ಯಾರು ಒತ್ತಿದ್ದಾರೋ, ಇಂದಿಗೂ ಯಾರೂ ಹೇಳಿಲ್ಲ. ಒತ್ತಿದ್ದನ್ನು ಮುಚ್ಚಿಡದೆ, ಏನು ಮಾಡಲಿ ಎಂದು ಕೇಳಿದವರು ಅತ್ತಿ ಒಬ್ಬರೇ. ಅಂಗಡಿಯಲ್ಲಿ ಅವರು ಪಾಲು ಕೇಳಿದವರಲ್ಲ, ಯಾರ ಜೊತೆಗೂ ಮಾತು ಬಿಟ್ಟವರಲ್ಲ. ಲಕೋಟೆ ಒಡೆದಿದ್ದರೆ ಒಡೆದಿದೆ ಎಂದು ಅವರು ಹೇಳುತ್ತಾರೆ. ನನಗೆ ಬೇಕಾದದ್ದು ಅಷ್ಟೇ.

ಹುಮನಾಬಾದ್ ಅಕ್ಕ ಮೊದಲು ಹೂಂ ಎಂದರು, ಆಮೇಲೆ ಸಣ್ಣ ಕಾಕಾ. ದೊಡ್ಡ ಕಾಕಾ 'ನೋಡೋಣ' ಎಂದಿದ್ದಾರೆ. ಅದಕ್ಕೂ ಮೊದಲು ಅಂಗಡಿಯ ಇಮೇಲಿನಿಂದ ಆಳಂದ ಅಣ್ಣನ ನಂಬರ್ ತೆಗೆಯಬೇಕು. ಓಟಿಪಿ ಅವರ ಫೋನಿಗೇ ಬರುವುದರಿಂದ ಅವರು ಎದುರಿಗೆ ಇರಬೇಕು. ಅಣ್ಣನಿಗೆ ಗುಂಪಿನಲ್ಲಿ ಬರೆಯದೆ ಫೋನ್ ಮಾಡಿ ಕೇಳಿದೆ. ಸೋಮವಾರ ಗಂಜಿಗೆ ಬರುತ್ತೇನೆ, ಆದರೆ ಬ್ಯಾರೆ ಆದಾಗ ಯಾರೂ ಕೇಳಲಿಲ್ಲ ಎಂಬುದನ್ನು ಸಣ್ಣ ಕಾಕಾ ತಮ್ಮ ಬಾಯಿಂದ ಒಪ್ಪಬೇಕು ಎಂದರು. ಸಣ್ಣ ಕಾಕಾರಿಗೆ ಅದನ್ನು ತಿಳಿಸಿದ್ದೇನೆ.