ಕೌನ್ಸಿಲ್ ರಜಿಸ್ಟ್ರೇಶನ್ ಇದ್ದ ಮ್ಯಾಲ ರಾಜ್ಯ ನರ್ಸ್‌ಗಳ ಸಂಘಕ್ಕೂ ರೊಕ್ಕ ತುಂಬಬೇಕೇನ್ರಿ?

ರಾತ್ರಿಪಾಳಿ_ವಿಜಯಪುರ

ಎಲ್ಲಾರಿಗೂ ನಮಸ್ಕಾರ್ರೀ. ವಿಜಯಪುರದಾಗ ಒಂದು ಖಾಸಗಿ ದವಾಖಾನ್ಯಾಗ ಸ್ಟಾಫ್ ನರ್ಸ್ ಅದೇನಿ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಒಂಬತ್ತು ವರ್ಷ ಆತು. ನಮ್ಮ ದವಾಖಾನಿ ಬೋರ್ಡಿನ ಮ್ಯಾಲ 60 ಹಾಸಿಗಿ ಅಂತ ಬರದೈತಿ. ಡೆಂಗಿ ಹೊತ್ತಿನ್ಯಾಗ ಪ್ಯಾಸೇಜಿನಾಗ ಹಾಕಿದ ಕಾಟ್ ಸೇರಿಸಿದ್ರ ಎಪ್ಪತ್ತು ದಾಟ್ತೈತಿ, ಆ ಮಾತು ಇರ್ಲಿ.

ಗುರುವಾರ ರಾತ್ರಿ ಎಂಟಕ್ಕ ಹ್ಯಾಂಡೋವರ್ ತಗೊಂಡು ಕ್ರ್ಯಾಶ್ ಕಾರ್ಟಿನ್ಯಾಗ (ತುರ್ತು ಔಷಧದ ಗಾಡಿ) ಅಡ್ರಿನಲಿನ್ ಆಂಪೂಲ್ ಎಣಿಸಾಕತ್ತಿದ್ದೆ. ಬ್ಯಾರೆ ದವಾಖಾನಿ ಸೀನಿಯರ್ ಅಕ್ಕಾರೊಬ್ಬರು ಬಂದ್ರು, ಕೈಯಾಗ ಪಾವತಿ ಪುಸ್ತಕ. "ರಾಜ್ಯ ಮಟ್ಟದ ಸಂಘ ಐತಿ, ಆಜೀವ ಸದಸ್ಯತ್ವಕ್ಕ 1,500. ನಾಳೆ ಏನರ ಆತಂದ್ರ ನಿನ್ನ ಹಿಂದ ಯಾರರ ಬೇಕಲ್ಲವಾ?" ಅಂದ್ರು. ನನ್ನ ಎಣಿಕಿ ತಪ್ಪಿತು, ಮತ್ತ ಒಂದರಿಂದ ಶುರು ಮಾಡಿದೆ.

1,500 ನನಗ ಸಣ್ಣ ರೊಕ್ಕ ಅಲ್ಲ. ಕೈಗೆ ಬರೂ ಪಗಾರ 14,200. ಆದ್ರ ಅಕ್ಕಾರ ಆ ಮಾತು ನನಗ ನಾಟೈತಿ, ಯಾಕಂದ್ರ ಹೋದ ತಿಂಗಳ ಒಂದು ಪ್ರಸಂಗ ಆಗೈತಿ. ಒಬ್ಬ ಅಜ್ಜಗ ಸಲಾಯಿನ್ ಹಚ್ಚಾಕ ಕ್ಯಾನುಲಾ ಹಾಕಿದ ಕೈ ಬಾತಿತ್ತು. ಬಿಚ್ಚಿ ಇನ್ನೊಂದು ಕೈಗೆ ಹಾಕಾಕ ನಾ ಟ್ರೇ ತಗೊಂಡು ಹೋದೆ. ಅವರ ಮೊಮ್ಮಗ ಆ ಕಿಡ್ನಿ ಟ್ರೇನ ಕಸಗೊಂಡು ನನ್ನ ಕಡೆನೇ ಒಗದ. ಭುಜಕ್ಕ ತಾಗಿ ಕೆಳಗ ಬಿತ್ತು. ಬೆಳಿಗ್ಗೆ ಆಫೀಸಿನಾಗ ನನ್ನನ್ನ ಕರದು, "ಸಿಸ್ಟರ್, ಒಂದ್ಸಲ ಸಾರಿ ಅಂದು ಮುಗಸ್ರಿ, ದೊಡ್ಡ ಮನಿತನದವರು" ಅಂದ್ರು. ಸಾರಿ ಅಂದೆ. ಒಗದಾಂವ ಅವ, ಸಾರಿ ಅಂದಾಕಿ ನಾ.

ಕೇಳೂದು ಏನಂದ್ರ: ನನಗ ಕರ್ನಾಟಕ ನರ್ಸಿಂಗ್ ಕೌನ್ಸಿಲ್ ರಜಿಸ್ಟ್ರೇಶನ್ ಐತಿ, ದೇಶದಾಗ ಪ್ರತಿ ನರ್ಸಿಗೆ ಕೊಡೂ ಎನ್‌ಯುಐಡಿ ಗುರುತಿನ ನಂಬರೂ ಬಂದೈತಿ. ಮತ್ತ ಸಂಘ ಯಾಕ? "ಸದಸ್ಯತ್ವ ಇಲ್ಲಂದ್ರ ಮುಂದ ರಿನಿವಲ್ ತೊಂದರಿ ಆಗಬಹುದು" ಅಂತನೂ ಅಕ್ಕಾರು ಸಣ್ಣಗ ಅಂದ್ರು, ಅದು ಖರೇ ಏನು? ಇನ್ನೊಂದು, ನನ್ನ ಒರಿಜಿನಲ್ ಸರ್ಟಿಫಿಕೇಟೆಲ್ಲಾ ಸೇರಿದ ದಿನದಿಂದ ಆಫೀಸಿನ ಕಪಾಟಿನಾಗ ಅದಾವ. ಇಂಥಾದ್ದಕ್ಕ ಸಂಘದವರು ಬರ್ತಾರೇನು? ನಮ್ಮ ಮನಿಯವರು, "ಸಂಘ ಅಂದ್ರ ಮೇ 12ಕ್ಕ, ನರ್ಸ್‌ಗಳ ದಿನಕ್ಕ, ದೀಪ ಹಚ್ಚಿ, ಶಾಲು ಹೊದಿಸಿ, ಪೇಪರಿಗೆ ಫೋಟೋ ಕೊಡೂದು" ಅಂತಾರ.

ನಿವೃತ್ತ_ಸಿಸ್ಟರ್_ಬೆಳಗಾವಿ

ತಂಗಿ, ನಿಮ್ಮ ಮನೆಯವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಆ ಶಾಲು ನನಗೂ ಎರಡು ಬಂದಿವೆ, ಒಂದನ್ನು ಇಸ್ತ್ರಿ ಟೇಬಲ್ ಮೇಲೆ ಹಾಸಿದ್ದೇನೆ.

ಮೊದಲು ಆ ರಿನಿವಲ್ ಹೆದರಿಕೆ ತಲೆಯಿಂದ ತೆಗೆದುಹಾಕಿ. ಕೌನ್ಸಿಲ್ ಬೇರೆ, ಸಂಘ ಬೇರೆ. ಕೌನ್ಸಿಲ್ ಇರುವುದು ರಾಜ್ಯದ 1961ರ ಕಾಯ್ದೆಯ ಕೆಳಗೆ. ಅಲ್ಲಿ ಹೆಸರಿಲ್ಲದಿದ್ದರೆ ನೀವು ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಸಂಘ ನಾವು ನಾವೇ ಕೂಡಿ ಕಟ್ಟಿಕೊಂಡದ್ದು, ಸೇರುವುದು ಬಿಡುವುದು ನಿಮ್ಮ ಖುಷಿ. ಕೌನ್ಸಿಲ್ ಇರುವುದು ರೋಗಿಯ ಸಲುವಾಗಿ, ನಿಮ್ಮ ಸಲುವಾಗಿ ಅಲ್ಲ. ಟ್ರೇ ಒಗೆದವನ ಮೇಲೆ ಅದು ಏನೂ ಮಾಡುವುದಿಲ್ಲ. ನೀವು ತಪ್ಪು ಇಂಜೆಕ್ಷನ್ ಕೊಟ್ಟರೆ ಮಾತ್ರ ನಿಮ್ಮನ್ನು ಕರೆಸುತ್ತದೆ. ರಿನಿವಲ್‌ಗೆ ಬೇಕಾಗುವುದು ತರಬೇತಿಯ ತಾಸುಗಳು. ಐದು ವರ್ಷಕ್ಕೆ 150 ತಾಸು ಎನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಸಂಘದವರು ವರ್ಕ್‌ಶಾಪ್ ಮಾಡಿದರೆ ಆ ತಾಸು ಸಿಗಬಹುದು, ಆದರೆ ಸರ್ಟಿಫಿಕೇಟಿನ ಮೇಲೆ ಕ್ರೆಡಿಟ್ ಅವರ್ಸ್‌ಗೆ ಕೌನ್ಸಿಲ್ ಒಪ್ಪಿಗೆ ಇದೆಯೋ ಇಲ್ಲವೋ ನೋಡಿಕೊಳ್ಳಿ. ಊಟದ ಕೂಪನ್ ಜೊತೆ ಕೊಡುವ ಬಣ್ಣದ ಕಾಗದಕ್ಕೆ ಬೆಲೆ ಇಲ್ಲ.

ಈಗ ಆ ಪಾವತಿ ಪುಸ್ತಕ. ಸಂಘದ ಹೆಸರು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಪಾವತಿ ಮೇಲೆ ನೋಂದಣಿ ಸಂಖ್ಯೆ ಅಚ್ಚಾಗಿದೆಯೇ? ರೊಕ್ಕ ಸಂಘದ ಬ್ಯಾಂಕ್ ಖಾತೆಗೆ ಹೋಗುತ್ತದೋ ಯಾರದೋ ಮೊಬೈಲಿಗೋ? ಕೊನೆಯ ಚುನಾವಣೆ ಯಾವಾಗ ಆಯಿತು, ಹೋದ ವರ್ಷದ ಲೆಕ್ಕ ಸಭೆಯಲ್ಲಿ ಇಟ್ಟರೇ? 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಪದಾಧಿಕಾರಿಗಳ ಪಟ್ಟಿಯನ್ನು ವರ್ಷವೂ ರಿಜಿಸ್ಟ್ರಾರ್‌ಗೆ ಕೊಡಲೇಬೇಕು. ಇಷ್ಟು ಕೇಳಿದಾಗ ಸಿಟ್ಟಿಗೇಳುವ ಸಂಘಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾನು ಸದಸ್ಯೆ ಆಗಿರುವುದು ಟಿಎನ್‌ಎಐಗೆ, ಟ್ರೇನ್ಡ್ ನರ್ಸಸ್ ಅಸೋಸಿಯೇಶನ್ ಆಫ್ ಇಂಡಿಯಾ. 1908ರದ್ದು, ಅದಕ್ಕಿಂತ ಮೂರು ವರ್ಷ ಮೊದಲು ಲಖನೌದಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟರು ಕಟ್ಟಿದ ಕೂಟದ ಬೇರು ಅದಕ್ಕಿದೆ. ರಾಜ್ಯಕ್ಕೊಂದು ಶಾಖೆ, ನಮ್ಮದು ಕರ್ನಾಟಕ ಶಾಖೆ. ಕೌನ್ಸಿಲ್‌ನಲ್ಲಿ ಹೆಸರಿದ್ದವರಿಗೇ ಸದಸ್ಯತ್ವ. 1910ರಿಂದ ಬರುತ್ತಿರುವ ಅವರ ಪತ್ರಿಕೆ ಇಂಗ್ಲಿಷಿನದು. ನಿಜ ಹೇಳಬೇಕೆಂದರೆ ನಾನು ಅದರಲ್ಲಿ ಮೊದಲು ಓದುತ್ತಿದ್ದದ್ದು ಯಾರು ನಿವೃತ್ತರಾದರು, ಯಾರು ತೀರಿಕೊಂಡರು ಅನ್ನುವುದನ್ನೇ.

ಟ್ರೇ ವಿಷಯ. ನಮ್ಮ ರಾಜ್ಯದಲ್ಲಿ 2009ರಿಂದಲೇ ಇದಕ್ಕೊಂದು ಪ್ರತ್ಯೇಕ ಕಾಯ್ದೆ ಇದೆ. ಡಾಕ್ಟರ್ ಅಷ್ಟೇ ಅಲ್ಲ, ನರ್ಸ್, ನರ್ಸಿಂಗ್ ವಿದ್ಯಾರ್ಥಿ, ಎಲ್ಲರೂ ಅದರೊಳಗೆ ಬರುತ್ತಾರೆ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದರೆ ಜಾಮೀನಿಲ್ಲದ ಕೇಸು. ನಿಮ್ಮ ಆಫೀಸಿನವರಿಗೆ ಇದು ಗೊತ್ತಿರುತ್ತದೆ. ಡಾಕ್ಟರಿಗೆ ಹೊಡೆದಿದ್ದರೆ ಅವತ್ತೇ ಠಾಣೆಗೆ ಹೋಗುತ್ತಿದ್ದರು. ನೀವು ಆ ರಾತ್ರಿಯ ನರ್ಸಸ್ ನೋಟ್ಸ್‌ನಲ್ಲಿ ಬರೆದಿಟ್ಟಿದ್ದೀರಾ? ಬರೆದಿದ್ದರೆ ಆ ಪುಟದ ಫೋಟೋ ತೆಗೆದುಕೊಳ್ಳಿ, ರೋಗಿಯ ಹೆಸರು ಮುಚ್ಚಿ.

ಬಾಗಲಕೋಟಿ_ಬ್ರದರ್

ಸಿಸ್ಟರ್ ಹೇಳಿದ್ದು ಎಲ್ಲಾ ಬರೋಬ್ಬರಿ ಐತಿ, ಕಾನೂನು ಬರೋಬ್ಬರಿನೇ ಇರ್ತೈತಿ. ನನ್ನ ಕಥಿ ಕೇಳ್ರಿ.

ನಾ ನವನಗರದಾಗ ಇರಾಂವ, ಒಂದು ನರ್ಸಿಂಗ್ ಹೋಮಿನ ಐಸಿಯುದಾಗ ಕೆಲಸ. ಟಿಎನ್‌ಎಐದವರು ಖಾಸಗಿ ನರ್ಸ್‌ಗಳ ಪಗಾರದ ಸಲುವಾಗಿ 2011ರಾಗ ಸುಪ್ರೀಂ ಕೋರ್ಟಿಗೆ ಹೋಗಿದ್ರು. 2016ರ ಜನವರಿ 29ಕ್ಕ ಕೋರ್ಟು, ಕಮಿಟಿ ಮಾಡಿ ನೋಡ್ರಿ ಅಂತು. ಕಮಿಟಿ ಹೇಳಿದ್ದು: 200ಕ್ಕಿಂತ ಹೆಚ್ಚು ಹಾಸಿಗಿ ಇದ್ರ ಸರ್ಕಾರಿ ನರ್ಸಿನಷ್ಟ ಪಗಾರ, 100 ದಾಟಿದ್ರ ಅದರಾಗ 10 ಪರ್ಸೆಂಟ್‌ಗಿಂತ ಹೆಚ್ಚು ಕಡಿತ ಆಗಬಾರದು, 50ರಿಂದ 100 ಇದ್ರ 25 ಪರ್ಸೆಂಟ್‌ಗಿಂತ ಹೆಚ್ಚು ಕಡಿತ ಆಗಬಾರದು, 50ರ ಒಳಗ ಇದ್ರೂ ಕಡೀಮಿ ಅಂದ್ರ 20,000. ಅಕ್ಕಾರ, ನಿಮ್ಮ ಬೋರ್ಡಿನ್ಯಾಗ 60 ಐತಿ ಅಂದ್ರಿ. ಲೆಕ್ಕ ನೀವೇ ಹಾಕ್ರಿ.

ನಾ ಆ ಕಾಗದ ಪ್ರಿಂಟ್ ತಗಸಿ, ಹಳದಿ ಪೆನ್ನಿಲೆ ಗೆರಿ ಎಳದು, ನಮ್ಮ ಮಾಲಕರ ಟೇಬಲ್ ಮ್ಯಾಲ ಇಟ್ಟೆ. ಅವರು ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಓದಲಿಲ್ಲ ಅನ್ನಂಗಿಲ್ಲ. ಓದಿ, "ಛೊಲೊ ಬರದಾರ. ಆದ್ರ ಇದು ಶಿಫಾರಸು ಐತಿ ತಮ್ಮಾ, ಕಾಯ್ದೆ ಅಲ್ಲ. ಚಾ ಕುಡಿತಿಯೇನು?" ಅಂದ್ರು. ಚಾ ಕುಡಿದು ಬಂದೆ. ಮುಂದಿನ ತಿಂಗಳ ರೋಸ್ಟರಿನ್ಯಾಗ ನನ್ನ ಹೆಸರಿಗೆ ಹದಿನೆಂಟು ನೈಟ್ ಇತ್ತು.

ಮಾಲಕರು ಹೇಳಿದ್ದು ಸುಳ್ಳಲ್ಲ. ಆ ಶಿಫಾರಸು ಜಾರಿ ಆಗಬೇಕಂದ್ರ ರಾಜ್ಯ ಸರ್ಕಾರ ತನ್ನ ಕಡಿಂದ ಕಾಯ್ದೆನೋ ಆದೇಶನೋ ಮಾಡಬೇಕು. ಕೇರಳದಾಗ ನರ್ಸ್‌ಗಳು ಸಾವಿರಗಟ್ಟಲೆ ರಸ್ತೆಕ್ಕ ಇಳದ್ರು, 2018ರ ಏಪ್ರಿಲ್‌ದಾಗ ಸರ್ಕಾರ 20,000 ಕನಿಷ್ಠ ಅಂತ ಅಧಿಸೂಚನೆ ಹೊರಡಿಸ್ತು. ಅಲ್ಲೆ ಇದ್ದದ್ದು ಯೂನಿಯನ್. ನಮ್ಮಲ್ಲೆ ಇರೂದು ಅಸೋಸಿಯೇಶನ್. ಅಸೋಸಿಯೇಶನ್ ಮನವಿ ಕೊಡ್ತೈತಿ, ಯೂನಿಯನ್ ಗೇಟಿನ ಮುಂದ ಕುಂದರ್ತೈತಿ. ಪಗಾರದ ಆಸೆಗೆ ಸದಸ್ಯತ್ವ ತಗೊಂಡ್ರ ನಿರಾಶಿ ಆಗ್ತೀರಿ ಅಂತ ನನ್ನ ಮಾತು. ನಾ ಇನ್ನೂ ತಗೊಂಡಿಲ್ಲ.

ನಿವೃತ್ತ_ಸಿಸ್ಟರ್_ಬೆಳಗಾವಿ

ತಮ್ಮಾ, ಆ ಕೇಸು ಹಾಕಿದ್ದು ಯಾರು ಅಂತ ನೀವೇ ಬರೆದಿದ್ದೀರಲ್ಲ. ನಿಮ್ಮ ಹಳದಿ ಗೆರೆ ಎಳೆಯುವುದಕ್ಕೆ ಕಾಗದ ಸಿಕ್ಕಿದ್ದೇ ಯಾರೋ ಚಂದಾ ಕೊಟ್ಟು ವಕೀಲರನ್ನು ಇಟ್ಟದ್ದರಿಂದ. ಹದಿನೆಂಟು ನೈಟ್ ಹಾಕಿದ್ದು ಅನ್ಯಾಯವೇ. ಆದರೆ ನೀವು ಒಬ್ಬರೇ ಹೋದಿರಿ. ನಿಮ್ಮ ಐಸಿಯುದಲ್ಲಿ ಇದ್ದವರೆಷ್ಟು ಜನ?

ಬಾಗಲಕೋಟಿ_ಬ್ರದರ್

ಏಳು ಮಂದಿ ಇದ್ವಿ. ನಾಕು ಮಂದಿ ಬರ್ತೀವಿ ಅಂದಿದ್ರು. ಒಬ್ಬಾಕಿಗೆ ಅವತ್ತು ಮಗಳ ಜ್ವರ, ಒಬ್ಬಂವ ಬಾತ್‌ರೂಮಿಗೆ ಹೋದಾಂವ ಬರಲೇ ಇಲ್ಲ.

ನರ್ಸಿಂಗ್_ಮೂರನೇ_ವರ್ಷ

ಸಿಸ್ಟರ್, ನಡುವ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕಾಲೇಜಿನ್ಯಾಗ ಎಸ್‌ಎನ್‌ಎ ಅಂತ ಫೀ ತಗೊಂಡಾರ. ಅದೂ ಇದ ಸಂಘ ಏನು? ನಾವು ಪಾಸಾದ ಮ್ಯಾಲ ಸೀದಾ ಸದಸ್ಯರು ಆಗ್ತೀವೇನು?

ನಿವೃತ್ತ_ಸಿಸ್ಟರ್_ಬೆಳಗಾವಿ

ಹೌದು, ಸ್ಟೂಡೆಂಟ್ ನರ್ಸಸ್ ಅಸೋಸಿಯೇಶನ್, ಟಿಎನ್‌ಎಐನ ವಿದ್ಯಾರ್ಥಿ ಅಂಗ, 1929ರದ್ದು. ಪಾಸಾದ ಮೇಲೆ ತಾನಾಗಿ ಸದಸ್ಯತ್ವ ಬರುವುದಿಲ್ಲ, ಮೊದಲು ಕೌನ್ಸಿಲ್ ರಜಿಸ್ಟ್ರೇಶನ್, ಆಮೇಲೆ ಬೇರೆ ಫಾರ್ಮ್. ಎಸ್‌ಎನ್‌ಎ ಪೋಸ್ಟರ್ ಸ್ಪರ್ಧೆಗೆ ಅಂತ ನಾವು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದೆವು. ಪೋಸ್ಟರನ್ನು ಮಡಚಬಾರದು ಅಂತ ಎಂಟು ತಾಸು ಸರದಿ ಪ್ರಕಾರ ತೊಡೆ ಮೇಲೆ ಹಿಡಿದುಕೊಂಡು ಕೂತಿದ್ದೆವು. ಬಹುಮಾನ ಬರಲಿಲ್ಲ. ರೈಲಿನಲ್ಲಿ ಹೋದರೆ ಆಗ ನರ್ಸ್‌ಗಳಿಗೆ ಟಿಕೆಟಿನಲ್ಲಿ ರಿಯಾಯಿತಿ ಇತ್ತು, 2020ರ ಮಾರ್ಚ್‌ನಲ್ಲಿ ಕೊರೋನಾ ಹೊತ್ತಿಗೆ ಅದನ್ನು ನಿಲ್ಲಿಸಿದರು. ನಮಗೆ ಆರತಿ ಎತ್ತಿ, ಚಪ್ಪಾಳೆ ತಟ್ಟಿದ ತಿಂಗಳೂ ಅದೇ.

ರಾತ್ರಿಪಾಳಿ_ವಿಜಯಪುರ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನೈಟ್ ಮುಗಿಸಿ ಬಂದು ಎರಡೆರಡು ಸಲ ಓದೇನಿ.

ಸಿಸ್ಟರ್, ನೋಟ್ಸಿನ್ಯಾಗ ಬರದೇನಿ, "ರಾತ್ರಿ 2.40ಕ್ಕ ಪೇಶಂಟ್ ಕಡೆಯವರು ಟ್ರೇ ಒಗದ್ರು, ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ" ಅಂತ. ಬರೀಲಿಲ್ಲ ಅಂದ್ರ ಟ್ರೇ ಯಾಕ ಸೊಟ್ಟ ಆತು ಅಂತ ಸ್ಟೋರಿನವರು ನನಗ ಕೇಳ್ತಿದ್ರು, ಅದಕ್ಕ ಬರದಿದ್ದೆ!

ಆ ಅಕ್ಕಾರಿಗೆ ಫೋನ್ ಮಾಡಿ ನೀವು ಹೇಳಿದ್ದೆಲ್ಲಾ ಕೇಳಿದೆ. ಸಿಟ್ಟಿಗೇಳ್ತಾರ ಅನ್ಕೊಂಡಿದ್ದೆ. ಅವರು ಸುಮ್ನಾದ್ರು. ಆಮ್ಯಾಲ, "ಹೌದಲ್ಲವಾ, ನಾನೂ ಕೇಳೇ ಇಲ್ಲ" ಅಂದ್ರು. ಅವರಿಗೆ ಯಾರೋ ಐವತ್ತು ಹಾಳಿ ಪುಸ್ತಕ ಕೊಟ್ಟು, ಇದನ್ನ ಮುಗಸ್ರಿ, ನಿಮ್ಮನ್ನ ಜಿಲ್ಲಾ ಕಾರ್ಯದರ್ಶಿ ಮಾಡ್ತೀವಿ ಅಂದಾರಂತ. ಪುಸ್ತಕ ಪೂರ್ತಿ ತಿರುವಿ ನೋಡಿದ್ರ ನೋಂದಣಿ ನಂಬರ್ ಎಲ್ಲೂ ಇಲ್ಲ. ರೊಕ್ಕ ಹಾಕೂ ಮೊಬೈಲ್ ನಂಬರನ್ನ ಪೆನ್ನಿಲೆ ಬರದಾರ. ಅಕ್ಕಾರು ತಮ್ಮ 1,500 ಮೊದಲ ಹಾಕಿಬಿಟ್ಟಾರ, ಪಾಪ. ಈಗ ಹನ್ನೊಂದು ಮಂದಿಗೆ ಅವರೇ ಫೋನ್ ಮಾಡಿ ರೊಕ್ಕ ವಾಪಸ್ ಕೇಳ್ರಿ ಅಂತ ಹೇಳಾಕತ್ತಾರ. ಹಿಂಗಾಗಿ ಅಕ್ಕಾರ ಮ್ಯಾಲ ನನಗ ಮರ್ಯಾದಿ ಹೆಚ್ಚೇ ಆಗೈತಿ.

ಇಬ್ಬರೂ ಟಿಎನ್‌ಎಐ ಫಾರ್ಮ್ ತುಂಬೂದು ಅಂತ ಮಾಡೇವಿ. ಬ್ರದರ್, ಪಗಾರ ಏರ್ತೈತಿ ಅಂತ ಅಲ್ಲ. ಮುಂದಿನ ಸಲ ಸಾರಿ ಅನ್ರಿ ಅಂದಾಗ, ಒಂದು ಫೋನ್ ಮಾಡಿ ಬರ್ತೇನಿ ತಡೀರಿ ಸರ್, ಅನ್ನಾಕರ ಬರಬೇಕಲ್ರಿ. ಆದ್ರ ಫಾರ್ಮಿಗೆ ರಜಿಸ್ಟ್ರೇಶನ್ ಸರ್ಟಿಫಿಕೇಟಿನ ಝೆರಾಕ್ಸ್ ಬೇಕು. ಒರಿಜಿನಲ್ ಕಪಾಟಿನಾಗ. ಸೋಮವಾರ ಕೇಳ್ತೇನಿ.

ಬಾಗಲಕೋಟಿ_ಬ್ರದರ್

ಒಬ್ಬರೇ ಹೋಗಬ್ಯಾಡ್ರಿ. ಬಾತ್‌ರೂಮಿಗೆ ಹೋಗಾವರನ್ನೂ ಕರಕೊಂಡು ಹೋಗಬ್ಯಾಡ್ರಿ. ಏನಾತು ಇಲ್ಲೆ ಬರೀರಿ, ಆಮ್ಯಾಲ ನಾನೂ ವಿಚಾರ ಮಾಡ್ತೇನಿ.

ನಿವೃತ್ತ_ಸಿಸ್ಟರ್_ಬೆಳಗಾವಿ

ಬಾಯಿಮಾತಲ್ಲಿ ಕೇಳಬೇಡಿ, ಎರಡು ಸಾಲಿನ ಅರ್ಜಿ ಬರೆದು, ಎರಡನೇ ಪ್ರತಿ ಮೇಲೆ ಮುಟ್ಟಿದ್ದಕ್ಕೆ ಸಹಿ ತಗೊಳ್ಳಿ. ಕಾರಣ ಕೇಳಿದರೆ ಕೌನ್ಸಿಲ್ ಕೆಲಸಕ್ಕೆ ಅಂತ ಸುಳ್ಳು ಹೇಳುವ ಅಗತ್ಯ ಇಲ್ಲ. ನಿಮ್ಮ ಕಾಗದ ನಿಮಗೆ ಬೇಕು, ಅಷ್ಟೇ. ನೋಡಿ, ಪರಿಶೀಲಿಸಿ, ವಾಪಸ್ ಕೊಡುವುದಷ್ಟೇ ಅವರ ಕೆಲಸ.

ರಾತ್ರಿಪಾಳಿ_ವಿಜಯಪುರ

ಸೋಮವಾರ ಹೋಗಿದ್ವಿ. ನಾ, ನಮ್ಮ ಇನ್‌ಚಾರ್ಜ್ ಸಿಸ್ಟರ್, ಮತ್ತ ಓಟಿಯ ಇಬ್ಬರು, ಅವರದೂ ಅದ ಕಪಾಟಿನಾಗ ಇದ್ದುವು. ನಾಕು ಅರ್ಜಿ ಒಮ್ಮೆಲೇ ಟೇಬಲ್ ಮ್ಯಾಲ ಇಟ್ವಿ. ಆಫೀಸಿನವರು ಮೊದಲು ಕೀಲಿ ಸಾಹೇಬರ ಹತ್ರ ಐತಿ ಅಂದ್ರು. ನಿಲ್ತೀವಿ ತಡ್ರಿ, ಡ್ಯೂಟಿ ಎರಡಕ್ಕ ಐತಿ ಅಂದ್ವಿ. ಹತ್ತು ನಿಮಿಷಕ್ಕ ಕೀಲಿ ಅವರ ಡ್ರಾವರಿನ್ಯಾಗೇ ಸಿಕ್ಕಿತು.

ನನ್ನ ರಜಿಸ್ಟ್ರೇಶನ್ ಸರ್ಟಿಫಿಕೇಟ್ ಕೈಗೆ ಬಂದೈತಿ. ಫೈಲಿಗೆ ಹಾಕಾಕ ಪಂಚಿಂಗ್ ಮಶೀನಿಲೆ ಎರಡು ತೂತು ಹೊಡದಾರ. ಒಂದು ತೂತು ಸೀದಾ ನನ್ನ ಫೋಟೋದ ಹಣಿ ಮ್ಯಾಲ ಬಿದ್ದೈತಿ, ಕುಂಕುಮ ಇಡೂ ಜಾಗಕ್ಕ. ಝೆರಾಕ್ಸ್ ಅಂಗಡ್ಯಾಂವ "ಅಕ್ಕಾರ, ಇದು ಕರ್ರಗ ಬರ್ತೈತ್ರಿ" ಅಂದ. ಬರ್ಲಿ ಬಿಡಪ್ಪ, ಎರಡು ಕಾಪಿ ತಗಿ ಅಂದೆ.